ಗೆರೆಯಿಲ್ಲದ ಬೆರಳುಗಳು

ಅಜ್ಜಿಯ ಬಲಗೈ ಹೆಬ್ಬೆರಳು ಮತ್ತು ಅದರ ಪಕ್ಕದ ಎರಡು ಬೆರಳುಗಳ ತುದಿಗಳು ಹುಣಸೆಬೀಜದ ಹಾಗೆ ನುಣ್ಣಗಿದ್ದವು. ಅವುಗಳ ಮೇಲೆ ಗೆರೆಯೇ ಇರಲಿಲ್ಲ. ಎಳೆ ಹುಡುಗಿಯಾಗಿದ್ದಾಗಿನಿಂದ ಒಲೆಯ ಕೆಂಡವನ್ನು ಬರಿಗೈಯಲ್ಲಿ ಎತ್ತಿ ಎತ್ತಿ ಹಾಗಾಗಿದ್ದವು. ಗ್ರೀನ್ ಕಾರ್ಡಿಗೆ ಬೆರಳಚ್ಚು ಕೊಡಿಸಲೆಂದು ಮಗ ಅವರನ್ನು ಓಕ್ಲ್ಯಾಂಡಿನ ಸರ್ಕಾರಿ ಆಫೀಸಿಗೆ ಕರೆದುಕೊಂಡು ಹೋದಾಗ ಅಲ್ಲಿದ್ದ ಹೆಂಗಸು ಆ ಬೆರಳುಗಳನ್ನು ಮಸಿಗೆ ಒತ್ತಿ, ಒರೆಸಿ, ಮತ್ತೆ ಒತ್ತಿ ಸುಸ್ತಾದಳಂತೆ. ಕಾಗದದ ಮೇಲೆ ಬರೀ ಕಪ್ಪು ಬೊಟ್ಟು. "ಒಲೆ ತಿಂದಾಕ್ಬುಟ್ಟದೆ ಕಣವ್ವ, ನಾನೇನ್ ಮಾಡ್ಲಿ" ಎಂದು ಅಜ್ಜಿ ಆಕೆಗೆ ನಾಗಮಂಗಲದ ಕನ್ನಡದಲ್ಲೇ ಸಮಾಧಾನ ಹೇಳಿದರಂತೆ. ನಮ್ಮ ಮನೆಗೆ ಬಂದ ಮೊದಲ ದಿನವೇ ಈ ಕಥೆ ಹೇಳಿದರು. ನಾನು ನಕ್ಕಿದ್ದನ್ನು ನೋಡಿ, "ನಗು ಮಗ, ಬಾಣಂತಿ ನಕ್ರೆ ಹಾಲು ಇಳೀತದೆ" ಎಂದರು.

ಅವರು ನನಗೆ ಯಾವ ದಿಕ್ಕಿನಿಂದಲೂ ನೆಂಟರಲ್ಲ. ನನ್ನ ಗಂಡನ ಆಫೀಸಿನ ಗೆಳೆಯನ ತಾಯಿ, ಓಕ್ಲ್ಯಾಂಡಿನ ಕಡೆಯ ನೆವಾರ್ಕಿನಲ್ಲಿ ಮಗ ಸೊಸೆಯ ಜೊತೆ ಇದ್ದರು. ಆ ಡಾಟ್‌ಕಾಮ್ ವರ್ಷಗಳಲ್ಲಿ ನಮ್ಮ ಕಡೆಯ ಎಳೆಯ ಜೋಡಿಗಳು ಅಲ್ಲಿನ ಕೊಲ್ಲಿಯ ಸುತ್ತಲಿನ ಊರುಗಳಲ್ಲಿ ತುಂಬಿಕೊಂಡಿದ್ದವು, ಮಕ್ಕಳೂ ಸಾಲಾಗಿ ಹುಟ್ಟುತ್ತಿದ್ದವು. ಎಲ್ಲರ ತಾಯಂದಿರಿಗೂ ವೀಸಾ ಸಿಗುತ್ತಿರಲಿಲ್ಲ. ನನ್ನ ಅಮ್ಮನಿಗೂ ಸಿಗಲಿಲ್ಲ. ಅಂಥ ಮನೆಗಳಿಂದ ಅಜ್ಜಿಗೆ ಫೋನು ಬರುತ್ತಿತ್ತು. ಒಂದು ಸೀರೆ, ಎಲೆ ಅಡಿಕೆ ಬಿಟ್ಟರೆ ಬೇರೇನನ್ನೂ ಮುಟ್ಟುತ್ತಿರಲಿಲ್ಲ. ಇಂಗ್ಲಿಷ್ ಬಾರದು, ಕಾರು ಓಡಿಸಲು ಬಾರದು, ಸ್ವಂತ ಮಗನ ಮನೆಯ ಅಡುಗೆಕೋಣೆಯಲ್ಲಿ ಸೊಸೆಯನ್ನು ಕೇಳಿ ಸಾಸಿವೆ ಡಬ್ಬ ತೆಗೆಯಬೇಕು. ಆ ದೇಶದಲ್ಲಿ ಅವರಿಗಿದ್ದ ಆಸ್ತಿ ಒಂದೇ: ಅಜ್ಜಿಯ ಕೈಯಲ್ಲಿ ಬಾಣಂತನವಾದರೆ ತಾಯಿ ಮಗು ಕಲ್ಲುಗುಂಡಿನ ಹಾಗಿರುತ್ತಾರೆ ಎಂಬ ಹೆಸರು.

ನಾವಿದ್ದ ಮನೆ ಮೆನ್ಲೋ ಪಾರ್ಕ್ ಎಂಬ ಊರಿನ ಬೆನ್ನಿಗಿರುವ ಬೆಟ್ಟದ ಮೇಲಿತ್ತು. ಆಗ ಒಂದು ಅಪಾರ್ಟ್‌ಮೆಂಟು ಖಾಲಿಯಾದರೆ ಅದರ ಮುಂದೆ ಮದುವೆಮನೆ ಊಟದ ಸಾಲು ನಿಲ್ಲುತ್ತಿತ್ತು. ಹುಡುಕಿ ಸೋತ ನನ್ನ ಗಂಡ ಈ ಹಳೇ ಮರದ ಮನೆಯನ್ನು ಹಿಡಿದು ಬಂದು, "ಸುತ್ತ ರೆಡ್‌ವುಡ್ ಮರ, ಆಫೀಸು ಹತ್ತಿರ, ಇನ್ನೇನು ಬೇಕು" ಎಂದರು. ಹೀಟರ್ ಎಲ್ಲಿ ಎಂದು ಕೇಳಿದೆ. ಮುಂಭಾಗದ ಹಾಲಿನ ಮೂಲೆಯಲ್ಲಿ ಕೂತಿದ್ದ ಕಪ್ಪು ಕಬ್ಬಿಣದ ಸೌದೆ ಒಲೆಯನ್ನು ತೋರಿಸಿದರು. ಗಾಜಿನ ಬಾಗಿಲು, ಸೂರು ತೂರಿ ಹೋದ ಹೊಗೆ ಕೊಳವೆ. ನೋಡಲು ಚೆಂದ. ನವೆಂಬರಿನಲ್ಲಿ ಮಳೆ ಹಿಡಿದು, ಮರ ಬಿದ್ದು ಕರೆಂಟು ಹೋಗಲು ಶುರುವಾದಾಗ ಆ ಚೆಂದವೆಲ್ಲ ಮೂಗಿಗೆ ಬಂತು. ನಮ್ಮವರು ಹಸಿ ಸೌದೆ ತುರುಕಿ ಊದುವರು, ಮನೆ ತುಂಬ ಹೊಗೆ, ಬಸುರಿ ನಾನು ಕೆಮ್ಮುತ್ತ ಹೊರಗೆ ನಿಲ್ಲುತ್ತಿದ್ದೆ. ಜಗಳಕ್ಕೆ ಬೇರೆ ವಿಷಯವೇ ಬೇಕಿರಲಿಲ್ಲ.

ದಿನ ತುಂಬುವ ಮೊದಲೇ ಮಗಳು ಹುಟ್ಟಿದಳು. ಅಂಗೈಯಗಲದ ಬೆನ್ನು, ಬೆಂಕಿಕಡ್ಡಿಯಂಥ ಕಾಲು. ಆಸ್ಪತ್ರೆಯಿಂದ ಕಳುಹಿಸುವಾಗ ನರ್ಸು ಹೇಳಿದ್ದು ಒಂದೇ ಮಾತು, ಈ ಮಗುವನ್ನು ಬೆಚ್ಚಗಿಡಿ. ಆ ಮಾತು ಹಿಡಿದುಕೊಂಡು ನಾನು ಅಳುತ್ತ ಕೂತಿದ್ದೆ. ಅಜ್ಜಿ ಬಂದದ್ದು ಆಗ.

ಮಗುವನ್ನು ನೋಡುವ ಮೊದಲು ಒಲೆ ನೋಡಿದರು. ಬಾಗಿಲು ತೆಗೆದು ತಲೆಯನ್ನೇ ಒಳಗೆ ಹಾಕಿ, "ಸೆರೇಲಿ ಮಡಗವ್ರೆ ಬೆಂಕೀನ" ಎಂದರು. ಆಮೇಲೆ ಹಿತ್ತಿಲ ಶೆಡ್ಡಿಗೆ ಹೋಗಿ ಎರಡೆರಡು ಸೌದೆ ಹಿಡಿದು ಒಂದಕ್ಕೊಂದು ಬಡಿದು ಕಿವಿಗೊಟ್ಟರು. "ಠಣ್ ಅಂದ್ರೆ ಒಣಗ್ಯದೆ. ದಬ್ ಅಂದ್ರೆ ಇನ್ನೂ ಅಳ್ತಾ ಅದೆ, ಆ ಕಡೀಕ್ ಹಾಕು" ಎಂದು ನನ್ನ ಗಂಡನಿಂದ ರಾಶಿ ಬೇರೆ ಮಾಡಿಸಿದರು. ಬೆಳಿಗ್ಗೆ ಒಲೆ ಹೊತ್ತಿಸುವಾಗ ನಾಲ್ಕು ಅಕ್ಕಿಕಾಳು ಹಾಕದೆ ಬಾಗಿಲು ಮುಚ್ಚುತ್ತಿರಲಿಲ್ಲ. ಮೊದಲ ತುತ್ತು ಅದಕ್ಕೆ, ಆಮೇಲೆ ನಮಗೆ. ಹಗಲೆಲ್ಲ ಅದರ ಎದುರಿಗೇ ಕೂತು ಬೆಳ್ಳುಳ್ಳಿ ಸುಲಿಯುವುದು, ಮಗುವಿನ ಬಟ್ಟೆ ಕಾಯಿಸುವುದು, ಅದರ ಜೊತೆ ಮಾತಾಡುವುದು. "ಒಸಿ ತಾಳು, ಕೊಡ್ತೀನಿ, ಹೊಟ್ಟೆಬಾಕ" ಎಂದರೆ ಮಗುವಿಗೋ ಒಲೆಗೋ ಗೊತ್ತಾಗುತ್ತಿರಲಿಲ್ಲ. ಒಂದು ವಾರದಲ್ಲಿ ನಮ್ಮ ಮನೆ ಮನೆಯಾಯಿತು. ಹಾಲಿನಲ್ಲಿ ಎಷ್ಟು ಬೆಚ್ಚಗಿತ್ತೆಂದರೆ ನಮ್ಮವರು ಬನಿಯನ್‌ನಲ್ಲಿ ಕೂತು ಆಫೀಸಿನ ಕೆಲಸ ಮಾಡುತ್ತಿದ್ದರು.

ತೊಂದರೆ ಇದ್ದದ್ದು ಕೋಣೆಯದು. ಬಾಣಂತಿ ಹಾಲಿನಲ್ಲಿ, ಬಂದುಹೋಗುವವರ ಕಣ್ಣೆದುರಿಗೆ ಮಲಗುವಂತಿಲ್ಲ. ಅದು ಅಜ್ಜಿಯ ಕಾನೂನು. ಒಲೆಯ ಬಿಸಿ ನಡುವಿನ ಓಣಿಯಂಥ ದಾರಿ ದಾಟಿ ಹಿಂದಿನ ಕೋಣೆಗೆ ಬರುತ್ತಿರಲಿಲ್ಲ. "ಬಾಣಂತಿಗೆ ಗಾಳಿ ತಾಕ್ಬಾರ್ದು, ತಾಕಿದ್ರೆ ಮುಪ್ಪಿನಗಂಟ ನೋವು" ಎಂದು ಅಜ್ಜಿ ಹೇಳಿದ್ದೇ ತಡ, ನಮ್ಮವರು ಕಿಟಕಿಗಳಿಗೆ ಪ್ಲಾಸ್ಟಿಕ್ ಹಾಳೆ ಅಂಟಿಸಿ, ಸಂದುಗೊಂದಿಗೆಲ್ಲ ಟೇಪು ಹಾಕಿ, ಬಾಗಿಲ ಕೆಳಗೆ ಟವೆಲ್ ತುರುಕಿದರು. ಇರುವೆ ನುಸುಳಲೂ ಜಾಗವಿಲ್ಲದ ಹಾಗೆ. ಅಷ್ಟಾದರೂ ಮಗುವಿನ ಪಾದ ತಣ್ಣಗೇ ಇರುತ್ತಿತ್ತು.

ಗಾಳಿ ಮಳೆ ಜೋರಾಗಿದ್ದ ಒಂದು ಮಧ್ಯಾಹ್ನ ಅಜ್ಜಿ ನನಗೆ ಎಣ್ಣೆ ನೀರು ಹಾಕಿ, ತಲೆಗೆ ಬಟ್ಟೆ ಕಟ್ಟಿ, ಮಗುವಿನ ಪಕ್ಕ ಮಲಗಿಸಿದರು. ಒಲೆಯಿಂದ ಕೆಂಡ ತೋಡಿ ಕಬ್ಬಿಣದ ಬಾಂಡ್ಲಿಗೆ ಹಾಕಿ ಹೊರಗೆ ಜಗಲಿಯಲ್ಲಿ ಇಟ್ಟರು. ಹೊಗೆಯೆಲ್ಲ ಹೋಗಿ ಕೆಂಡ ನಿಗಿನಿಗಿ ಆದ ಮೇಲೆ ಅದನ್ನು ತಂದು ಮಂಚದ ಕೆಳಗೆ ತಳ್ಳಿದರು. ಅವರ ಊರಿನಲ್ಲಿ ಪ್ರತಿ ಬಾಣಂತಿಗೂ ಮಾಡುವುದೇ ಅದು. ನಮ್ಮಮ್ಮನಿಗೂ ಅವರ ತಾಯಿ ಹಾಸನದಲ್ಲಿ ಹಾಗೇ ಮಾಡಿದ್ದರಂತೆ. ಬೆನ್ನಿಗೆ ಹಿತವಾದ ಕಾವು ಏರಿತು. ಮಗುವಿನ ಪಾದ ಮುಟ್ಟಿ ನೋಡಿದೆ, ಮೊದಲ ಸಲ ಬೆಚ್ಚಗಿತ್ತು. ಅಜ್ಜಿ ಬಾಗಿಲು ಮುಚ್ಚಿಕೊಂಡು ಹೋದರು. ಎಷ್ಟು ಸುಖವಾಗಿತ್ತು ಎಂದರೆ, ಇವತ್ತಿಗೂ ಆ ಸುಖ ನೆನೆದರೆ ನನಗೆ ಭಯವಾಗುತ್ತದೆ.

ಆಮೇಲೆ ಗೊತ್ತಿರುವುದು ತುಂಡು ತುಂಡು. ತಲೆ ಒರಳುಕಲ್ಲಿನಷ್ಟು ಭಾರ. ಏಳಬೇಕು ಅನಿಸಿತು, ಕಾಲು ಕೇಳಲಿಲ್ಲ. ಮಗು ಹಾಲಿಗೆ ಅಳುವ ಹೊತ್ತಾಯಿತಲ್ಲ ಎಂದುಕೊಂಡು ಹಾಗೇ ಮತ್ತೆ ಮುಳುಗಿದೆ. ಹೊರಗೆ ಒಲೆ ಮುಂದಿದ್ದ ಅಜ್ಜಿಗೂ ಅದೇ ಅನ್ನಿಸಿತಂತೆ, ಹೊಟ್ಟೆಬಾಕಿ ಯಾಕೆ ಅಳಲಿಲ್ಲ. ಬಾಗಿಲು ತೆಗೆದರು. ಮಗುವಿನ ಕೆನ್ನೆ ಕೆಂಪಗೆ, ಕೈ ಎತ್ತಿದರೆ ಬಟ್ಟೆಯ ಹಾಗೆ ಬೀಳುತ್ತಿತ್ತು. ನನ್ನನ್ನು ಕೂಗಿದರು, ನಾನು ಕಣ್ಣು ಬಿಡಲಿಲ್ಲ. ಏನಾಗಿದೆ ಎಂದು ಅವರಿಗೆ ಗೊತ್ತಿರಲಿಲ್ಲ. ಕೋಣೆಯಲ್ಲಿ ಏನೋ ಇದೆ ಎಂದಷ್ಟೇ ತಿಳಿಯಿತಂತೆ. ಮಗುವನ್ನು ಸೆರಗಿಗೆ ಕಟ್ಟಿಕೊಂಡು, ನನ್ನ ಎರಡು ತೋಳು ಹಿಡಿದು, ಓಣಿ, ಹಾಲು, ಜಗಲಿ, ಎಲ್ಲ ದಾಟಿಸಿ ದರದರ ಎಳೆದು ಅಂಗಳದ ಮಳೆಗೆ ತಂದು ಹಾಕಿದರು. ಬಾಣಂತಿಗೆ ಗಾಳಿ ತಾಕಬಾರದು ಎನ್ನುತ್ತಿದ್ದ ಹೆಂಗಸು. ಶೆಡ್ಡಿನಲ್ಲಿ ಸೌದೆ ಒಡೆಯುತ್ತಿದ್ದ ನನ್ನ ಗಂಡ ಅವರ ಕೂಗು ಕೇಳಿ ಓಡಿಬಂದಾಗ ನಾನು ಕೆಸರಿನಲ್ಲಿ ಬಿದ್ದು ಕಕ್ಕುತ್ತಿದ್ದೆ. ಅಜ್ಜಿ ಮಗುವನ್ನು ಗಾಳಿಗೆ ಹಿಡಿದು ಅದರ ಪಾದಕ್ಕೆ ಹೊಡೆಯುತ್ತಿದ್ದರು. ಸಣ್ಣಗೆ, ಬೆಕ್ಕಿನ ಮರಿಯ ಹಾಗೆ, ಅದು ಅತ್ತಿತು.

ಆಂಬುಲೆನ್ಸು ಬಂತು. ಆಸ್ಪತ್ರೆಯಲ್ಲಿ ನನಗೂ ಮಗುವಿಗೂ ಆಕ್ಸಿಜನ್ ಕೊಟ್ಟರು. ಇನ್ನು ಸ್ವಲ್ಪ ಹೊತ್ತಾಗಿದ್ದರೆ ನಮ್ಮ ಕೈಯಲ್ಲಿರಲಿಲ್ಲ ಎಂದು ಡಾಕ್ಟರು ಹೇಳಿ, ಕೆಂಡದಿಂದ ಬರುವ ವಿಷಗಾಳಿಯ ವಿಷಯ ವಿವರಿಸಿದರು. ನಮ್ಮವರು ಅದನ್ನು ಕನ್ನಡದಲ್ಲಿ ಅಜ್ಜಿಗೆ ಹೇಳಿದರು. ಅಜ್ಜಿಯ ಸೀರೆ ಇನ್ನೂ ಒದ್ದೆಯಾಗಿತ್ತು.

"ಹೊಗೆ ಇರ್ನಿಲ್ವಲ್ಲಪ್ಪ. ಆಚೆ ಮಡಗಿ, ಹೊಗೆಯೆಲ್ಲ ಹೋದ ಮ್ಯಾಕೇ ತಂದಿದ್ದು."

"ಇದು ಕಣ್ಣಿಗೆ ಕಾಣಲ್ಲ ಅಜ್ಜಿ. ವಾಸನೇನೂ ಇಲ್ಲ. ಊರಲ್ಲಿ ಹೆಂಚಿನ ಸಂದಿನಲ್ಲಿ ಹೊರಟುಹೋಗ್ತಿತ್ತು. ಇಲ್ಲಿ ನಾನೇ ಎಲ್ಲಾ ಟೇಪ್ ಹಾಕಿ ಮುಚ್ಚಿಬಿಟ್ಟಿದ್ದೆ."

ಅಜ್ಜಿ ಅಳಲಿಲ್ಲ. ಗೋಡೆಗೆ ಒರಗಿ ನಿಂತು ಏನೋ ಲೆಕ್ಕ ಹಾಕುವವರಂತೆ ತುಟಿ ಅಲ್ಲಾಡಿಸಿದರು. ಆಮೇಲೆ, "ಸನಿವೇಲ್ ಊರ್ನಾಗೆ ಆ ಹಾಸನದ ಬಾಣಂತಿ ಹುಡ್ಗಿ ಮನೇಲಿ ಬಾಂಡ್ಲಿ ಕೊಟ್ಟು, ಹಿಂಗಿಂಗೆ ಮಡಗವ್ವ ಅಂತ ಹೇಳಿ ಬಂದಿವ್ನಿ. ಫೋನ್ ಹಾಕು. ಈಗ್ಲೇ ಹಾಕು" ಎಂದರು. ಆ ಹುಡುಗಿಯ ಮನೆಯಲ್ಲಿ ಆವತ್ತು ಕೆಂಡ ಮಂಚದ ಕೆಳಗೇ ಇತ್ತು. ಕಿಟಕಿ ಸರಿಯಾಗಿ ಮುಚ್ಚಿಕೊಳ್ಳದ ಹಳೇ ಅಪಾರ್ಟ್‌ಮೆಂಟು, ಅದಕ್ಕೇ ಏನೂ ಆಗಿರಲಿಲ್ಲ. ಆದರೆ ಬೆಳಿಗ್ಗೆಯಿಂದ ತಲೆನೋವು ಎಂದಳಂತೆ.

ನನಗೆ ಅವರ ಮೇಲೆ ಸಿಟ್ಟು ಬಂದಿತ್ತು, ಸುಳ್ಳು ಹೇಳುವುದಿಲ್ಲ. ಮಗುವಿನ ಮೂಗಿಗೆ ಕೊಳವೆ ಹಾಕಿದ್ದನ್ನು ನೋಡುವಾಗ ಅವರ ಮುಖ ನೋಡಲು ಮನಸ್ಸಾಗುತ್ತಿರಲಿಲ್ಲ. ನಾವು ಮನೆಗೆ ಮರಳಿದ ದಿನ ಅವರು ಗಂಟು ಕಟ್ಟಿಕೊಂಡು ಹೊಸಿಲ ಹೊರಗೇ ನಿಂತಿದ್ದರು. "ಒಳೀಕೆ ಬರ್ಲಾ, ಬ್ಯಾಡ್ವಾ, ನೀನೇ ಹೇಳ್ಬುಡು ಮಗ" ಎಂದರು. ನನ್ನ ತೋಳಿನಲ್ಲಿ ಅವರು ಎಳೆದ ಗುರುತು ಇನ್ನೂ ನೀಲಿಗಟ್ಟಿತ್ತು. ಅದನ್ನು ನೋಡಿಕೊಂಡು, "ಬನ್ನಿ ಅಜ್ಜಿ, ಒಲೆ ಆರಿಹೋಗಿದೆ" ಎಂದೆ.

ಬಾಣಂತಿ ಮಂಚ ಹಾಲಿಗೆ ಬಂತು, ಒಲೆಯ ಪಕ್ಕಕ್ಕೆ. ಯಾರು ಬಂದು ಹೋದರೂ ಆ ಕಾನೂನಿನ ಮಾತು ಅವರು ಎತ್ತಲಿಲ್ಲ. ಕಿಟಕಿಯನ್ನು ಬೆರಳಗಲ ತೆರೆದಿಟ್ಟು, ಅದನ್ನು ಯಾರಾದರೂ ಮುಚ್ಚಿದರೆ ಬೈಯುತ್ತಿದ್ದರು. ಉಳಿದ ಚಳಿಗಾಲವೆಲ್ಲ ಅಕ್ಕಿಕಾಳು ಹಾಕಿ ಒಲೆ ಹೊತ್ತಿಸಿದರು, ಆದರೆ ಅದರ ಜೊತೆ ಮಾತಾಡಿದ್ದನ್ನು ಮತ್ತೆ ನಾನು ಕೇಳಲಿಲ್ಲ. ಗಳಿಗೆಗೊಮ್ಮೆ ಎದ್ದು ಬಂದು ಮಗುವಿನ ಮೂಗಿನ ಕೆಳಗೆ ಕೈ ಹಿಡಿಯುವರು. ಸುಟ್ಟ ತುದಿಗಳಿಗೆ ಉಸಿರು ತಿಳಿಯುತ್ತಿರಲಿಲ್ಲವಾದ್ದರಿಂದ ಬೆರಳುಗಳನ್ನು ಮಡಿಸಿ ಹಿಂಬದಿ ಹಿಡಿಯುವರು. "ಉಸ್ರದೆ ಬುಡು" ಎಂದು, ಉಸಿರಿದೆಯೆಂದು ತಮಗೆ ತಾವೇ ಹೇಳಿಕೊಂಡು ಹೋಗಿ ಕೂರುವರು. ಮಗು ಮಲಗಿದ್ದರೂ ಅಷ್ಟೆ, ಎದ್ದು ನಗುತ್ತಿದ್ದರೂ ಅಷ್ಟೆ.

ಈ ಸುದ್ದಿ ನಮ್ಮ ಮನೆಯಲ್ಲೇ ಇರಲಿ ಎಂದು ನಾವು ಮಾತಾಡಿಕೊಂಡಿದ್ದೆವು. ಅವರ ಮಗನೂ ಅದನ್ನೇ ಹೇಳಿದ, "ಅವ್ವ, ಜನ ಏನಂತಾರೆ, ಸುಮ್ನಿದ್ಬುಡು." ಅಜ್ಜಿ ಸುಮ್ಮನಿರಲಿಲ್ಲ. ತಾವು ಬಾಣಂತನ ಮಾಡಿದ ಒಂದೊಂದು ಮನೆಗೂ ಕರೆದುಕೊಂಡು ಹೋಗು ಎಂದು ಮಗನಿಗೆ ದುಂಬಾಲು ಬಿದ್ದರು. ಅವನು ಮೀಟಿಂಗು, ಟ್ರಾಫಿಕ್ಕು ಎಂದು ತಪ್ಪಿಸಿಕೊಂಡಾಗ ನನ್ನ ಗಂಡನ ಕಾರು ಹತ್ತಿದರು. ಅಷ್ಟು ಸಾಲದೆಂದು ಯುಗಾದಿಗೆ ಕನ್ನಡದವರೆಲ್ಲ ಒಂದು ಶಾಲೆಯ ಹಾಲಿನಲ್ಲಿ ಸೇರಿದ್ದಾಗ, ಮಕ್ಕಳ ಡ್ಯಾನ್ಸು ಮುಗಿದು ಊಟಕ್ಕೆ ಏಳುವ ಮುಂಚೆ, ನೇರ ಹೋಗಿ ಮೈಕಿನ ಮುಂದೆ ನಿಂತರು. ಜನ ಹಾಡು ಹೇಳುತ್ತಾರೆ ಎಂದುಕೊಂಡು ಚಪ್ಪಾಳೆ ತಟ್ಟಿದರು.

"ಬಾಣಂತಿ ಕ್ವಾಣೇಲಿ ಕೆಂಡ ಮಡಗಿ ನಾನು ಒಂದು ಕೂಸ್ನ, ಅದರವ್ವನ್ನ ಕೊಂದೇ ಬುಡ್ತಿದ್ದೆ. ನಮ್ಮೂರಾಗೆ ಸೂರಿಂದ ಹೋಯ್ತಿದ್ದ ವಿಸ ಇಲ್ಲಿ ಒಳಗೇ ನಿಂತ್ಕತದೆ. ನನ್ನ ಮಾತು ಕೇಳಿ ಯಾರಾರ ಮಡಗಿದ್ರೆ ಇವತ್ತೇ ಎತ್ತಾಕಿ. ನಂಗೇನಾರ ಅನ್ಕಳಿ. ಕೆಂಡ ಮಾತ್ರ ಎತ್ತಾಕಿ" ಎಂದರು.

ಇಳಿದು ಬಂದು ನನ್ನ ಪಕ್ಕ ಕೂತರು. ಅವರ ಸೊಸೆ ಬೇರೆ ಸಾಲಿಗೆ ಎದ್ದು ಹೋದಳು. ಊಟದ ಹೊತ್ತಿಗೆ ಅಲ್ಲಲ್ಲಿ ಗುಸುಗುಸು ಶುರುವಾಗಿತ್ತು. ಅಜ್ಜಿ ಅಂದುಕೊಂಡ ಹಾಗೇ ಆಯಿತು, ಆಮೇಲೆ ಯಾರ ಮನೆಯಿಂದಲೂ ಅವರಿಗೆ ಫೋನು ಬರಲಿಲ್ಲ. ಆದರೆ ಆ ಚಳಿಗಾಲದ ನಂತರ ನನಗೆ ಗೊತ್ತಿರುವ ಯಾವ ಕನ್ನಡದವರ ಮನೆಯಲ್ಲೂ ಬಾಣಂತಿ ಕೋಣೆಗೆ ಕೆಂಡ ಹೋಗಲಿಲ್ಲ. ಅವರನ್ನು ಮನೆಗೆ ಕರೆಯುವುದು ಬಿಟ್ಟವರೂ ಅವರು ಹೇಳಿದ್ದನ್ನು ಮಾತ್ರ ಮರೆಯಲಿಲ್ಲ. ನನ್ನ ಎರಡನೆಯ ಹೆರಿಗೆಗೆ ಅಮ್ಮನಿಗೆ ವೀಸಾ ಸಿಕ್ಕಿತ್ತು. ಆದರೂ ನಾನು ನೆವಾರ್ಕಿಗೆ ಹೋಗಿ ಅಜ್ಜಿಯನ್ನು ಕರೆತಂದೆ. ಆ ಹೊತ್ತಿಗೆ ನಮ್ಮವರ ಕಂಪನಿ ಮುಳುಗಿ, ನಾವು ಬೆಟ್ಟ ಇಳಿದು, ಗೋಡೆಯಲ್ಲಿ ಗುಂಡಿ ತಿರುಗಿಸಿದರೆ ಬೆಚ್ಚಗಾಗುವ ಅಪಾರ್ಟ್‌ಮೆಂಟಿಗೆ ಬಂದಿದ್ದೆವು. ಅಜ್ಜಿ ಬಂದವರೇ ಕಿಟಕಿಯನ್ನು ಬೆರಳಗಲ ತೆರೆದರು.

ಮಗಳು ದೊಡ್ಡವಳಾದಳು. ಅಜ್ಜಿಯನ್ನು ನೋಡಲು ಹೋದಾಗಲೆಲ್ಲ ಅವಳು ಮುಖವನ್ನು ಮುಂದೆ ಚಾಚುವಳು. ಅಜ್ಜಿ ಮಡಿಸಿದ ಬೆರಳನ್ನು ಅವಳ ಮೂಗಿನ ಕೆಳಗೆ ಹಿಡಿದು "ಉಸ್ರದೆ ಬುಡು" ಎನ್ನುವರು. ಅದು ಅಜ್ಜಿ ಮಾತಾಡಿಸುವ ರೀತಿ ಎಂದೇ ಅವಳು ತಿಳಿದಿದ್ದಳು. ನಾವು ಬೇರೆ ಏನೂ ಹೇಳಿರಲಿಲ್ಲ.

ಅವಳು ಹೈಸ್ಕೂಲಿಗೆ ಬಂದ ವರ್ಷ ಅಜ್ಜಿ ಆಸ್ಪತ್ರೆ ಸೇರಿದರು. ಶ್ವಾಸಕೋಶ ಸೋತಿತ್ತು. ಮೂಗಿಗೆ ಕೊಳವೆ ಹಾಕಿದ್ದರು, ಕಣ್ಣು ಮುಚ್ಚಿತ್ತು. ನಾನು ಬಾಗಿಲಲ್ಲೇ ನಿಂತುಬಿಟ್ಟೆ. ನಾವು ಕನ್ನಡದಲ್ಲಿ ಏನು ಕೇಳಿದರೂ ಇಂಗ್ಲಿಷಿನಲ್ಲಿ ಉತ್ತರ ಕೊಡುವ ನನ್ನ ಮಗಳು ಮಂಚದ ಹತ್ತಿರ ಹೋದಳು. ಅವಳ ಬೆರಳುಗಳ ತುದಿಗಳು ಎಳೆಯವು, ಏನು ತಾಕಿದರೂ ತಿಳಿಯುವಂಥವು. ಆದರೂ ಅವುಗಳನ್ನು ಮಡಿಸಿ, ಹಿಂಬದಿಯನ್ನು ಅಜ್ಜಿಯ ಮೂಗಿನ ಕೆಳಗೆ ಹಿಡಿದು, ಸ್ವಲ್ಪ ಹೊತ್ತು ಕಾದಳು. ಆಮೇಲೆ ನನ್ನ ಕಡೆ ತಿರುಗಿ, ಥೇಟ್ ನಾಗಮಂಗಲದವಳ ಹಾಗೆ, "ಉಸ್ರದೆ ಬುಡು, ಅಮ್ಮ" ಎಂದಳು.