ಎರಡನೆಯ ಪೆಟ್ಟು

ಓನರಮ್ಮನ ಎಡಗಿವಿ ಬಲಗಿವಿಗಿಂತ ಚಪ್ಪಟೆಯಾಗಿತ್ತು. ಎದುರು ಕುಳಿತವರಿಗೆ ಅದು ತಿಳಿಯುತ್ತಿರಲಿಲ್ಲ. ಅವರು ಮೆಟ್ಟಿಲಲ್ಲಿ ಕೂತು ತಲೆ ಒಣಗಿಸಿಕೊಳ್ಳುವಾಗ ಹಿಂದಿನಿಂದ ಬಂದವರಿಗೆ ಮಾತ್ರ ಕಾಣುತ್ತಿತ್ತು. ಬೆಳ್ತಂಗಡಿಯ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಆಪರೇಟರ್ ಆಗಿದ್ದಾಗ ಹೆಡ್‌ಫೋನು ಒತ್ತಿ ಒತ್ತಿ ಹಾಗಾಯಿತೆಂದು ಅವರ ವಾದ. ಹುಟ್ಟುವಾಗಲೇ ಹಾಗಿತ್ತಂತೆ ಎಂದು ಅವರ ಮಗನ ವಾದ. "ಇದು ಸರಕಾರ ಕೊಟ್ಟ ಕಿವಿ ಮಾರಾಯ್ತಿ, ಪೆನ್ಶನ್ ಜೊತೆ ಬಂದದ್ದು" ಎಂದು ನನಗೆ ಹೇಳಿ, ಆ ಕಿವಿಯನ್ನು ಹೆಬ್ಬೆರಳಿನಿಂದ ಒಮ್ಮೆ ಮುಂದಕ್ಕೆ ಮಡಚಿ ಬಿಡುತ್ತಿದ್ದರು. ಯಾರಾದರೂ ಮುಖ್ಯವಾದ ಮಾತು ಹೇಳಲು ಹೊರಟರೂ ಹಾಗೆಯೇ ಮಾಡುತ್ತಿದ್ದರು. ಆಗ ನಾವು ಸುಳ್ಳು ಸೇರಿಸದೆ ಮಾತಾಡಬೇಕು ಎಂದು ಅರ್ಥ.

ಮಿಜಾರಿನ ಒಂದು ಕಾಲೇಜಿನಲ್ಲಿ ಕೆಮಿಸ್ಟ್ರಿ ಪಾಠ ಮಾಡಲು ಸೇರಿದಾಗ ನಾನು ಮೂಡುಬಿದಿರೆಯಲ್ಲಿ ಅವರ ಮನೆಯ ಮಹಡಿಗೆ ಬಾಡಿಗೆಗೆ ಬಂದೆ. ಊರು ಕೇರಳದ ಗಡಿಯ ಕನ್ಯಾನ ಎಂದ ಕೂಡಲೇ, "ಹಾಗೆ ಹೇಳಿ, ನಿಮ್ಮ ತುಳುವಿಗೆ ಮಲಯಾಳಂನ ಒಗ್ಗರಣೆ ಬಿದ್ದದ್ದು ಗೊತ್ತಾಗ್ತದೆ" ಎಂದು ನಕ್ಕರು. ಕಾಲೇಜಿನವರ ಹಾಗೆ ಮೇಡಂ ಎನ್ನದೆ ಟೀಚರೇ ಎಂದು ಕರೆದರು. ನಾನು ಓನರಮ್ಮ ಎಂದು ಕರೆದರೆ ಮಾತ್ರ ಅವರಿಗೆ ಸರಿಬರುತ್ತಿರಲಿಲ್ಲ. "ನಾನು ಎಂತದರ ಓನರ್? ಬಾಗಿಲು ಗೆದ್ದಲಿನದ್ದು, ಮಾವಿನ ಮರ ಬಾವಲಿಯದ್ದು." ಆದರೂ ಆ ಆರ್‌ಸಿಸಿ ಮನೆ ಅವರು ತಮ್ಮ ಸಂಬಳದಲ್ಲಿ ಕಟ್ಟಿಸಿದ್ದು, ಗಂಡ ತೀರಿಹೋದ ಮೇಲೂ ಅದನ್ನು ಬಿಟ್ಟು ಹೋಗಲು ಒಪ್ಪಿರಲಿಲ್ಲ. ಮಗನಿಗೆ ಬಂಟ್ವಾಳದ ಬಿ.ಸಿ. ರೋಡಿನಲ್ಲಿ ಮೆಡಿಕಲ್ ಶಾಪು. ಪ್ರತಿ ಭಾನುವಾರ ಹೆಂಡತಿ ಮಕ್ಕಳ ಜೊತೆ ಬಂದು, ಊಟ ಮಾಡಿ, ಅಮ್ಮನ ಬೈಗುಳ ತಿಂದು ಹೋಗುತ್ತಿದ್ದರು.

ಅವರು ಜೈನರು. ಸೂರ್ಯ ಮುಳುಗುವ ಮೊದಲೇ ಊಟ ಮುಗಿಯಬೇಕು, ಕುಡಿಯುವ ನೀರು ಬಟ್ಟೆಯಲ್ಲಿ ಸೋಸಿರಬೇಕು, ಅಡುಗೆಗೆ ಬಟಾಟೆ ನೀರುಳ್ಳಿ ಸೇರಬಾರದು. ಜಗಲಿಯಲ್ಲಿ ಇರುವೆ ಸಾಲು ಹಿಡಿದರೆ ಗುಡಿಸುವ ಕೆಲಸ ಆ ದಿನ ಅಲ್ಲಿಗೆ ನಿಂತಿತು. ನಾನು ಮಹಡಿಯಲ್ಲಿ ನೀರುಳ್ಳಿ ಹುರಿದರೆ ಕೆಳಗಿನಿಂದ ಕೆಮ್ಮು ಕೇಳಿಸುತ್ತಿತ್ತು. ಬೇಕೆಂದೇ ಕೆಮ್ಮುವುದು. ಮರುದಿನ ಐದೂವರೆಗೇ ಊಟಕ್ಕೆ ಕರೆಯುವುದು, ಸೇಡಿಗೆ.

ಬಾಯಿಚಪಲ ಎಂದು ಅವರಿಗಿದ್ದದ್ದು ಒಂದೇ: ಅಂಗಳದ ಮುಂಡಪ್ಪ ಮಾವು. ಅದನ್ನು ತಟ್ಟೆಯಲ್ಲಿ ಹೆಚ್ಚಿ ತಿನ್ನುವುದನ್ನು ಅವರು ಹಣ್ಣಿಗೆ ಮಾಡುವ ಅವಮಾನ ಎಂದೇ ತಿಳಿದಿದ್ದರು. ಬಟ್ಟೆ ಒಗೆಯುವ ಕಲ್ಲಿನ ಹತ್ತಿರ ಬಾಗಿ ನಿಂತು, ರಸ ಮೊಣಕೈವರೆಗೆ ಇಳಿಯುತ್ತಿದ್ದಂತೆ ಇಡೀ ಹಣ್ಣನ್ನು ಮುಗಿಸುವರು. ಆ ಹೊತ್ತಿಗೆ ಮಾತಾಡಿಸಿದರೆ ಉತ್ತರವಿಲ್ಲ.

ಎಕ್ಸ್‌ಚೇಂಜಿನ ಕಾಲದಲ್ಲಿ ಅರ್ಧ ತಾಲೂಕಿನ ಗುಟ್ಟು ಅವರ ಕಿವಿಯ ಮೇಲೆ ಹಾದುಹೋಗಿತ್ತು. ಒಂದನ್ನೂ ಅವರು ಬಾಯಿಬಿಟ್ಟದ್ದು ನಾನು ಕೇಳಲಿಲ್ಲ. ಒಮ್ಮೆ ಪಕ್ಕದ ಮನೆಯ ಹೆಂಗಸು, ತನ್ನ ಗಂಡ ಆ ಕಾಲದಲ್ಲಿ ಬೊಂಬಾಯಿಯಿಂದ ಬೇರೆ ಯಾರಿಗಾದರೂ ಫೋನ್ ಮಾಡುತ್ತಿದ್ದನೇ ಎಂದು ತಮಾಷೆಗೆ ಕೇಳಿದಳು. ಓನರಮ್ಮ ಕಿವಿ ಮಡಚಿ ಬಿಟ್ಟು, "ಕೇಳಬೇಡ. ಸುಮ್ಮನಿರುವುದು ನನಗೆ ಬರ್ತದೆ, ಸುಳ್ಳು ಹೇಳ್ಲಿಕ್ಕೆ ಬರುವುದಿಲ್ಲ. ಕೇಳಿದರೆ ಹೇಳಬೇಕಾಗ್ತದೆ" ಎಂದರು. ಹೆಂಗಸಿನ ನಗು ಅಲ್ಲಿಗೇ ನಿಂತಿತು. ಅವಳು ಮತ್ತೆ ಕೇಳಲಿಲ್ಲ.

ಮಂಡಿ ನೋವು ಶುರುವಾದಾಗ ಮಗ ಒಂದು ಸ್ಟೀಲಿನ ಊರುಗೋಲು ತಂದುಕೊಟ್ಟರು. ಅದನ್ನು ಹಿಡಿದರೆ ಮುದುಕಿಯಾದೆ ಎಂದು ಒಪ್ಪಿಕೊಂಡ ಹಾಗೆ ಎಂದು ಓನರಮ್ಮ ಅದನ್ನು ಅಡುಗೆಮನೆಯ ಬಾಗಿಲ ಪಕ್ಕ, ಕೊಡೆಯ ಮೊಳೆಗೇ ತೂಗುಹಾಕಿದರು. ಆ ಒಂದು ಸಂಜೆಯವರೆಗೆ ಅದು ನೆಲ ಮುಟ್ಟಿದ್ದನ್ನು ನಾನು ನೋಡಿರಲಿಲ್ಲ.

ಅದು ಬೇಸಿಗೆಯ ಒಂದು ಸಂಜೆ. ಮಾವಿನ ಮರದ ತಲೆಯಲ್ಲಿ ಇನ್ನೂ ಬಿಸಿಲಿತ್ತು. ನಾನು ಕಾಲೇಜಿನಿಂದ ಬಂದು ಗೇಟು ತೆಗೆಯುವಾಗ ಒಳಗೆ ತಟ್ಟೆ ಬಿದ್ದ ಸದ್ದು, ಆಮೇಲೆ ಒಬ್ಬ ಗಂಡಸು ಕಿರುಚಿದ ಸದ್ದು ಕೇಳಿತು. ಓಡಿದೆ. ಅಡುಗೆಮನೆಯ ನೆಲದಲ್ಲಿ ಗಂಜಿ ಚೆಲ್ಲಿತ್ತು. ಅದರ ನಡುವೆ ಒಬ್ಬ ಯುವಕ ಗೋಡೆಗೆ ಒರಗಿ ಕೂತು, ಬಲಗೈಯನ್ನು ಹೊಟ್ಟೆಗೆ ಒತ್ತಿ ಹಿಡಿದಿದ್ದ. ಹಿಂದಿನ ವಾರ ನಮ್ಮ ನೀರಿನ ಟ್ಯಾಂಕಿ ತೊಳೆಯಲು ಬಂದಿದ್ದ, ಮಾಣಿ ಎಂಬ ಊರಿನ ಕಡೆಯವನು ಎಂದು ಕೂಡಲೇ ಗುರುತು ಸಿಕ್ಕಿತು. ಓನರಮ್ಮ ಊರುಗೋಲು ಹಿಡಿದು ನಿಂತಿದ್ದರು. ಕುತ್ತಿಗೆಯ ಸುತ್ತ ಕೆಂಪು ಗೆರೆ. ತುರುಬು ಬಿಚ್ಚಿಹೋಗಿ, ಆ ಚಪ್ಪಟೆ ಕಿವಿಯ ಮೇಲೆ ಕೂದಲು ಬಿದ್ದಿತ್ತು. ನನ್ನನ್ನು ನೋಡಿ, ಸ್ವರವೇ ಇಲ್ಲದ ಗಂಟಲಿನಿಂದ ಹೇಳಿದರು: "ಟೀಚರೇ, ನೀರು ತನ್ನಿ. ಅವನಿಗೆ."

ಆಗ ನನಗೆ ತಿಳಿದದ್ದು ಇಷ್ಟು. ಅವರು ತಟ್ಟೆ ಹಿಡಿದು ಊಟಕ್ಕೆ ಕೂರಲು ತಿರುಗಿದಾಗ ಅವನು ಹಿಂಬಾಗಿಲಿನಿಂದ ನುಗ್ಗಿ, ಒಂದು ಕೈಯಲ್ಲಿ ಬಾಯಿ ಮುಚ್ಚಿ ಇನ್ನೊಂದರಲ್ಲಿ ಕುತ್ತಿಗೆಯ ಸರ ಎಳೆದಿದ್ದ. ಸರ ಗಟ್ಟಿ, ತುಂಡಾಗಲಿಲ್ಲ. ಅವನು ಎಳೆದಷ್ಟೂ ಕುತ್ತಿಗೆ ಬಿಗಿಯಿತು. ಕಣ್ಣು ಕಪ್ಪಾಗುತ್ತಿದ್ದಂತೆ ಅವರ ಕೈಗೆ ಮೊಳೆಯಲ್ಲಿದ್ದ ಊರುಗೋಲು ಸಿಕ್ಕಿತು. ಹಿಂದಕ್ಕೆ ಬೀಸಿದರು. ಅದು ಅವನ ಮೊಣಕಾಲ ಚಿಪ್ಪಿಗೆ ಬಿತ್ತು. ಅವನು ಕೈಬಿಟ್ಟು, ಚೆಲ್ಲಿದ ಗಂಜಿಯಲ್ಲಿ ಜಾರಿ ಕುಸಿದ.

ಬೊಬ್ಬೆ ಕೇಳಿ ಬಂದ ಅಕ್ಕಪಕ್ಕದವರು ಅವನನ್ನು ಅಂಗಳಕ್ಕೆ ಎಳೆದು ವಿಚಾರಿಸಿಕೊಳ್ಳಲು ಸಿದ್ಧರಾಗಿದ್ದರು. ನಾನೂ ಬೇಡ ಎನ್ನುತ್ತಿರಲಿಲ್ಲ. ಆ ಕುತ್ತಿಗೆ ನೋಡಿದ ಮೇಲೆ ನನ್ನ ಕೈಯೇ ತುರಿಸುತ್ತಿತ್ತು. ಓನರಮ್ಮ ಅಡುಗೆಮನೆಯ ಬಾಗಿಲಿಗೆ ಅಡ್ಡ ನಿಂತರು. "ಹೊಡೆದಾಗಿದೆ. ಜಾಸ್ತಿಯೇ ಆಗಿದೆ. ಇನ್ನು ಪೊಲೀಸರಿಗೆ ಫೋನ್ ಮಾಡುವ." ಅವರು ಬರುವವರೆಗೂ ಆ ನೋಯುವ ಮಂಡಿಯಲ್ಲಿ ಅಲ್ಲಿಂದ ಕದಲಲಿಲ್ಲ. ಅಷ್ಟರಲ್ಲಿ ಹೊತ್ತು ಮುಳುಗಿತ್ತು. ಓನರಮ್ಮ ಆ ರಾತ್ರಿ ಊಟ ಮಾಡಲಿಲ್ಲ.

ಎಸ್.ಐ. ಚಿಕ್ಕ ಪ್ರಾಯದವರು, ಒಳ್ಳೆಯ ಮನುಷ್ಯ. ಅವನನ್ನು ಆಸ್ಪತ್ರೆಗೆ ಕಳಿಸಿ, ಜಗಲಿಯಲ್ಲಿ ಕೂತು ಹೇಳಿಕೆ ಬರೆದುಕೊಂಡರು. ಕೊನೆಯಲ್ಲಿ ನಗುತ್ತಾ, "ಎಷ್ಟು ಪೆಟ್ಟು ಕೊಟ್ರಿ ಅಮ್ಮ?" ಎಂದು ಕೇಳಿದರು.

"ಎರಡು," ಎಂದರು ಓನರಮ್ಮ. "ಒಂದು ಕಾಲಿಗೆ. ಅದು ನಾನು ಉಳೀಲಿಕ್ಕೆ. ಆಮೇಲೆ ಅವನು ಕೂತು ನನಗೆ ಕೈ ಮುಗಿದ. ಆ ಮುಗಿದ ಕೈಗೆ ಇನ್ನೊಂದು ಹೊಡೆದೆ. ಎಲುಬು ಮುರಿದ ಸದ್ದು ಕೇಳಿತು."

ಎಸ್.ಐ. ಪೆನ್ನು ಎತ್ತಿ ಹಿಡಿದರು. "ಅಮ್ಮ, ಎಲ್ಲ ಒಂದೇ ಗಲಾಟೆಯಲ್ಲಿ ಆದದ್ದಲ್ಲವಾ? ಆತ್ಮರಕ್ಷಣೆ ಅಂತ ಬರೆಯುವ. ಎರಡನೆಯದನ್ನು ಬಿಡಿಸಿ ಹೇಳಿದರೆ ನಾಳೆ ಅವನ ವಕೀಲರು ನಿಮ್ಮನ್ನೇ ಹಿಡಿದುಕೊಳ್ಳಬಹುದು."

"ನೀವು ಕೇಳದಿದ್ದರೆ ಹೇಳ್ತಿರಲಿಲ್ಲ. ಕೇಳಿದಿರಿ."

ಎಸ್.ಐ. ಓನರಮ್ಮ ಹೇಳಿದಂತೆಯೇ ಬರೆದುಕೊಂಡು ಹೋದರು.

ಮಗ ಬಂದವರು ಅಮ್ಮನ ಕುತ್ತಿಗೆ ನೋಡಿ ಅತ್ತರು, ಹೇಳಿಕೆಯ ವಿಷಯ ಕೇಳಿ ಕೆಂಡವಾದರು. "ಸಾಯಿಸ್ಲಿಕ್ಕೆ ಬಂದವನ ಕೈ ಮುರಿದರೆ ತಪ್ಪಾ? ನಿನ್ನ ಮೇಲೆಯೇ ಕೇಸು ಹಾಕಿದರೆ ಈ ಪ್ರಾಯದಲ್ಲಿ ಕೋರ್ಟು ಹತ್ತಿಳಿಯುವುದು ಯಾರು? ಅಲ್ಲಿ ಒಂದೇ ಅಂತ ಹೇಳು. ಗಾಬರಿಯಲ್ಲಿದ್ದೆ, ನೆನಪಿಲ್ಲ ಅಂತ ಹೇಳು." ನಾನೂ ಅವರ ಪಕ್ಷವೇ. ಓನರಮ್ಮ ಇಬ್ಬರಿಗೂ ಬಾಳೆಹಣ್ಣು ಕೊಟ್ಟು ಒಳಗೆ ಹೋದರು.

ಮರುದಿನ ಬೆಳಿಗ್ಗೆ, ನೀರು ಸೋಸುವ ಬಟ್ಟೆ ಹಿಂಡುತ್ತಾ ತಾವಾಗಿಯೇ ಹೇಳಿದರು. "ನಮ್ಮಲ್ಲಿ ಎಲ್ಲ ಹಿಂಸೆಯೂ ಒಂದೇ ಅಲ್ಲ ಟೀಚರೇ. ಮೇಲೆ ಬಿದ್ದವನನ್ನು ತಡೀಲಿಕ್ಕೆ ಮಾಡುವುದಕ್ಕೆ ವಿರೋಧಿ ಹಿಂಸೆ ಅಂತ ಹೆಸರು. ಸಂಸಾರದಲ್ಲಿ ಇರುವವರಿಗೆ ಅದಕ್ಕೆ ವಿನಾಯಿತಿ ಉಂಟು. ಬೇಕೂಂತ ಮಾಡುವುದು ಸಂಕಲ್ಪಿ ಹಿಂಸೆ. ಅದಕ್ಕೆ ಮಾಫಿ ಇಲ್ಲ. ಮೊದಲನೆಯ ಪೆಟ್ಟಿಗೆ ನನಗೆ ಒಂದು ಚೂರೂ ಬೇಸರ ಇಲ್ಲ, ಇನ್ನೊಮ್ಮೆ ಬಂದರೆ ಇನ್ನೊಮ್ಮೆ ಕೊಡ್ತೇನೆ. ಎರಡನೆಯದು ಕೊಟ್ಟದ್ದು ಯಾರೂಂತ ನನಗೇ ಗೊತ್ತಾಗುವುದಿಲ್ಲ."

ಮಾವು ಹಣ್ಣಾಗತೊಡಗಿದ್ದ ದಿನಗಳು ಅವು. ಅವನ ಕೈ ಮೊದಲಿನಂತಾಗುವವರೆಗೆ ಮಾವು ಮುಟ್ಟುವುದಿಲ್ಲ ಎಂದು ಬಸದಿಗೆ ಹೋಗಿ ವ್ರತ ತೆಗೆದುಕೊಂಡು ಬಂದರು. ಹಣ್ಣು ಬಿದ್ದ ಸದ್ದು ಕೇಳಿದರೆ ಎದ್ದು ಹೋಗಿ ಆರಿಸಿ, ಬುಟ್ಟಿ ತುಂಬಿ ಊರಿಗೆಲ್ಲ ಹಂಚಿದರು. ನಾನು ಮಹಡಿಯಲ್ಲಿ ಬಾಗಿಲು ಹಾಕಿಕೊಂಡು ತಿಂದೆ.

ಇತ್ತ ಊರಿನ ಯುವಕರಿಗೆ ಅವರನ್ನು ಸನ್ಮಾನಿಸದೆ ನಿದ್ದೆ ಬರಲಿಲ್ಲ. ಶಾಲು, ಹಾರ, ಹಣ್ಣಿನ ಬುಟ್ಟಿ ಎಲ್ಲ ಗೊತ್ತುಮಾಡಿ, 'ವೀರವನಿತೆ' ಎಂದು ಬರೆದ ಫ್ಲೆಕ್ಸಿಗೆ ಫೋಟೋ ಕೇಳಲು ಬಂದರು. ಓನರಮ್ಮ ಎಲ್ಲರಿಗೂ ಪುನರ್ಪುಳಿ ಶರಬತ್ತು ಕೊಟ್ಟು, "ಬರ್ತೇನೆ ಮಕ್ಕಳೇ. ಆದರೆ ಮೈಕಿನಲ್ಲಿ ಎರಡನೆಯ ಪೆಟ್ಟಿನ ವಿಷಯವೂ ಹೇಳ್ತೇನೆ, ಆದೀತಲ್ಲ?" ಎಂದರು. ಶರಬತ್ತು ಕುಡಿದು ಹೋದವರು ತಿರುಗಿ ಬರಲಿಲ್ಲ.

ಕೇಸು ವಿಚಾರಣೆಗೆ ಬಂದ ದಿನ ಮಗ ದಾರಿಯುದ್ದಕ್ಕೂ ಮತ್ತೆ ಮತ್ತೆ ಹೇಳಿದರು, ಒಂದೇ ಅಂತ ಹೇಳಮ್ಮ. ನಾನು ಹಿಂದಿನ ಬೆಂಚಿನಲ್ಲಿ ಕೂತಿದ್ದೆ. ಅವನ ವಕೀಲರು ಎದ್ದು, ಎಸ್.ಐ. ಹೆದರಿದ್ದ ಪ್ರಶ್ನೆಯನ್ನೇ ಕೇಳಿದರು: "ನನ್ನ ಕಕ್ಷಿದಾರ ಬಿದ್ದು ಕೈಮುಗಿದ ಮೇಲೆ ನೀವು ಮತ್ತೆ ಹೊಡೆದದ್ದು ಹೌದೋ ಅಲ್ಲವೋ?"

ಓನರಮ್ಮ ಬಾಯಿ ತೆರೆಯುವ ಮೊದಲೇ ಆರೋಪಿಯ ಕಟಕಟೆಯಿಂದ ಸ್ವರ ಬಂತು. "ಇಲ್ಲ ಸ್ವಾಮಿ. ಅಮ್ಮ ಒಂದೇ ಹೊಡೆದದ್ದು. ಕೈ ನಾನು ಬಿದ್ದು ಮುರಿದದ್ದು."

ವಕೀಲರು ತಮ್ಮ ಕಕ್ಷಿದಾರನನ್ನು ನೋಡಿದ ನೋಟ ನನಗೆ ಇನ್ನೂ ನೆನಪಿದೆ. ಮಗ ನನ್ನ ಪಕ್ಕದಲ್ಲಿ ಕಣ್ಣು ಮುಚ್ಚಿ ನೆಮ್ಮದಿಯ ಉಸಿರುಬಿಟ್ಟರು. ಬದುಕಿದೆವು ಎಂದು ನಾನೂ ಅಂದುಕೊಂಡೆ. ಇನ್ನು ಸುಮ್ಮನಿದ್ದರೆ ಸಾಕಿತ್ತು. ಸುಮ್ಮನಿರುವುದು ಅವರಿಗೆ ಎಷ್ಟು ಚೆನ್ನಾಗಿ ಬರುತ್ತದೆಂದು ನಾನು ಬಲ್ಲೆ.

ಓನರಮ್ಮ ಎಡಗಿವಿಯನ್ನು ಮಡಚಿ ಬಿಟ್ಟರು. "ವಕೀಲರು ಹೇಳಿದ್ದು ಸರಿ ಸ್ವಾಮಿ. ಅವನು ಹೇಳುವುದು ಸುಳ್ಳು. ಎರಡು."

ನ್ಯಾಯಾಧೀಶರು ಕನ್ನಡಕ ತೆಗೆದು ಕೇಳಿದರು, "ಎರಡನೆಯದು ಯಾಕಮ್ಮ?"

"ಸಿಟ್ಟಿಗೆ. ಹೆದರಿಕೆ ಹೋದ ಕೂಡಲೇ ಸಿಟ್ಟು ಬಂತು."

ಅವರ ಮೇಲೆ ಯಾವ ಕೇಸೂ ಆಗಲಿಲ್ಲ. ಅವನಿಗೆ ಶಿಕ್ಷೆಯಾಯಿತು, ಮುಗಿಸಿ ಹೊರಗೆ ಬಂದ. ಅವನು ಯಾಕೆ ಕಳ್ಳತನಕ್ಕೆ ಬಂದ ಎಂಬುದಕ್ಕೆ ಒಬ್ಬೊಬ್ಬರಿಗೆ ಒಂದೊಂದು ಕಾರಣ ಹೇಳಿದ್ದಾನೆ. ನಾನು ಯಾವುದನ್ನೂ ನಂಬಿಲ್ಲ. ಓನರಮ್ಮನ ಗಂಟಲು ಸರಿಯಾಗಲು ಎಷ್ಟೋ ದಿನ ಹಿಡಿದಿತ್ತು, ಹಿಂಬಾಗಿಲಿನ ಸದ್ದಿಗೆ ಅವರು ಬೆಚ್ಚುವುದು ಕೊನೆಯವರೆಗೂ ಹೋಗಲಿಲ್ಲ. ಅದನ್ನು ನೋಡಿದವಳು ನಾನು. ಕೋರ್ಟಿನಲ್ಲಿ ಅವನು ಹೇಳಿದ ಆ ಒಂದು ಸುಳ್ಳನ್ನು ಬಿಟ್ಟರೆ ಅವನಲ್ಲಿ ನಾನು ಮೆಚ್ಚಿದ್ದು ಏನೂ ಇರಲಿಲ್ಲ.

ಹೊರಗೆ ಬಂದ ವರ್ಷ, ಮಾವಿನ ಕಾಲದಲ್ಲಿ, ಓನರಮ್ಮನೇ ಹೇಳಿಕಳಿಸಿ ಅವನನ್ನು ಕರೆಸಿದರು. ಅವನು ಗೇಟಿನ ಹೊರಗೇ ನಿಂತ. ಇವರು ಊರುಗೋಲು ಊರಿಕೊಂಡು ಅಲ್ಲಿಯವರೆಗೆ ಹೋದರು. ಅಷ್ಟರಲ್ಲಿ ಮುದುಕಿಯಾದೆನೆಂದು ಒಪ್ಪಿಕೊಂಡಿದ್ದರು. "ಎಲ್ಲಿ, ಮುಷ್ಟಿ ಕಟ್ಟು ನೋಡುವ."

ಅವನು ಬಲಗೈ ಮುಂದೆ ಚಾಚಿ ಮುಷ್ಟಿ ಕಟ್ಟಿದ. ಕಿರುಬೆರಳು ಮಡಚಲಿಲ್ಲ, ಅದೊಂದು ನೆಟ್ಟಗೆ ಹೊರಗೆ ನಿಂತಿತು.

"ಇರಲಿ. ಬರುವ ವರ್ಷ ನೋಡುವ," ಎಂದು ಒಂದು ಚೀಲ ಹಣ್ಣು ಕೊಟ್ಟು ಕಳಿಸಿದರು. ಮರುವರ್ಷವೂ ಬಂದ, ಅದರ ಮರುವರ್ಷವೂ. ಬೆರಳು ಹಾಗೆಯೇ ಇತ್ತು. ನಾನು ಮಹಡಿಯಿಂದ ನೋಡುತ್ತಿದ್ದೆ, ಕೆಳಗಿಳಿದು ಮಾತಾಡಿಸಲಿಲ್ಲ. ಸಾಕು ಓನರಮ್ಮ, ಇನ್ನಾದರೂ ಒಂದು ಹಣ್ಣು ತಿನ್ನಿ ಎಂದರೆ, "ಅವನ ಕೈ ಸರಿಯಾಗ್ಲಿ ಅಂತ ನನ್ನಷ್ಟು ಆಸೆಯಿಂದ ಕಾಯುವವರು ಯಾರಾದರೂ ಉಂಟಾ? ಬಾಯಲ್ಲಿ ನೀರು ಬರ್ತದೆ ಮಾರಾಯ್ತಿ" ಎಂದು ನಗುತ್ತಿದ್ದರು.

ಕಳೆದ ಮಳೆಗಾಲಕ್ಕೆ ಮುಂಚೆ, ಒಂದು ಮಧ್ಯಾಹ್ನ ಊಟವಾಗಿ ಮಲಗಿದವರು ಏಳಲಿಲ್ಲ. ನಾನು ಆ ಹೊತ್ತಿಗೆ ಮದುವೆಯಾಗಿ ಬೆಳ್ತಂಗಡಿಯಲ್ಲಿದ್ದೆ. ಸುದ್ದಿ ತಿಳಿದು ಬಸ್ಸು ಹಿಡಿದು ಬಂದೆ. ಅವರನ್ನು ಜಗಲಿಯಲ್ಲಿ ಮಲಗಿಸಿದ್ದರು. ಯಾರೋ ತಲೆ ಬಾಚಿ ಎಡಗಿವಿಯನ್ನು ಕೂದಲಿನಿಂದ ಮುಚ್ಚಿಬಿಟ್ಟಿದ್ದರು. ನಾನು ಕೂದಲು ಸರಿಸಿ ಅದನ್ನು ಕಾಣುವ ಹಾಗೆ ಮಾಡಿದೆ. ಆಗ ಅಳು ಬಂತು. ಅಷ್ಟು ನೆಟ್ಟಗೆ ಬದುಕುವ ಮನುಷ್ಯರ ಹತ್ತಿರ ಇದ್ದೂ ನಾನು ಅವರಿಗೆ ಕಲಿಸಲು ಹೋದದ್ದು ಒಂದೇ ಒಂದು, ಸುಳ್ಳು ಹೇಳಿ ಎಂದು.

ಹೊರಗೆ ಮಾವಿನ ಮರದ ಕೆಳಗೆ ಅವನು ನಿಂತಿದ್ದ. ಎಲ್ಲರಿಂದ ದೂರ, ಜಗಲಿಯ ಕಡೆಗೆ ಎರಡೂ ಕೈ ಮುಗಿದಿದ್ದ. ಆ ಮುಗಿದ ಕೈಗಳನ್ನು ನಾನು ತುಂಬಾ ಹೊತ್ತು ನೋಡಿದೆ. ಆಮೇಲೆ ಅಂಗಳಕ್ಕೆ ಇಳಿದು ಹತ್ತಿರ ಹೋದೆ.

"ಮುಷ್ಟಿ ಕಟ್ಟು ನೋಡುವ," ಎಂದೆ.

ಅವನು ಬೆಚ್ಚಿ ನನ್ನ ಮುಖ ನೋಡಿದ. ಆಮೇಲೆ ಬಲಗೈ ಚಾಚಿ ಕಟ್ಟಿದ. ಕಿರುಬೆರಳು ಮಡಚಲಿಲ್ಲ.

"ಇರಲಿ," ಎಂದೆ. "ಬರುವ ವರ್ಷ ನೋಡುವ."