ವರ್ಷವರ್ಷವೂ ಭರವಸೆಯ ಆಟಗಾರ

1985ರ ಆರಂಭದಲ್ಲಿ ನಾನು ನೈರೋಬಿಯ ಲ್ಯಾವಿಂಗ್ಟನ್ ಬಡಾವಣೆಯ ಒಂದು ಖಾಸಗಿ ಶಾಲೆಗೆ ದೈಹಿಕ ಶಿಕ್ಷಣದ ಅಧ್ಯಾಪಕನಾಗಿ ಸೇರಿದೆ. ನಾನು ಗದಗಿನವನು. ಹಾಕಿ ಕೋಲು ಹಿಡಿದೇ ಬೆಳೆದವನು, ಆಮೇಲೆ ಬೆಂಗಳೂರಿನಲ್ಲಿ ಕೋಚಿಂಗ್ ಕಲಿತವನು. ಈ ಸುದ್ದಿ ಹೇಗೋ ಹಬ್ಬಿ, ಅದೇ ವರ್ಷ ನ್ಗಾರಾದಲ್ಲಿದ್ದ ಒಂದು ಹಳೆಯ ಏಷ್ಯನ್, ಅಂದರೆ ಭಾರತೀಯ ಮೂಲದವರ, ಹಾಕಿ ಕ್ಲಬ್ಬಿನವರು ಭಾನುವಾರಗಳಂದು ಗೌರವ ಕೋಚ್ ಆಗಿ ಬನ್ನಿ ಎಂದು ಕರೆದರು. ಗೌರವ ಎಂದರೆ ಸಂಬಳ ಇಲ್ಲ ಎಂದರ್ಥ. ಗೌರವವೂ ಅಷ್ಟಕ್ಕಷ್ಟೇ ಎಂಬುದು ಹೋಗಿ ನಿಂತ ಮೇಲೆ ತಿಳಿಯಿತು.

ಆ ಕ್ಲಬ್ಬನ್ನು ಆಳುತ್ತಿದ್ದುದು ಕಮಿಟಿಯಲ್ಲ, ವೆರಾಂಡ. ಮೈದಾನದ ಒಂದು ಗೋಲಿನ ಹಿಂದೆ ಉದ್ದನೆಯ ಜಗಲಿ, ಅಲ್ಲಿ ಬೆತ್ತದ ಕುರ್ಚಿಗಳು. ಭಾನುವಾರ ಮಧ್ಯಾಹ್ನವಾದರೆ ಸಾಕು, ಅಂಗಡಿಯವರು, ಡಾಕ್ಟರು, ಲೆಕ್ಚರರ್, ಇನ್ಶೂರೆನ್ಸ್‌ನವರು ಎಲ್ಲ ಬಂದು ಕುಳಿತು, ಚಹಾ ಕುಡಿಯುತ್ತ, ಪಂದ್ಯ ಮುಗಿದ ಮೇಲೂ ಕತ್ತಲಾಗುವವರೆಗೆ ಚರ್ಚಿಸುತ್ತಿದ್ದರು. ಇವರೇ ಮತ ಹಾಕಿ ಕಮಿಟಿಯನ್ನು ಆರಿಸುವವರು. ಆದ್ದರಿಂದ ವೆರಾಂಡದಲ್ಲಿ ಭಾನುವಾರ ಎದ್ದ ಮಾತು ಬುಧವಾರ ಕಮಿಟಿಯ ನಿರ್ಣಯವಾಗಿ ಬರುತ್ತಿತ್ತು. ಹನ್ನೊಂದು ಜನರನ್ನು ಆರಿಸುವ ಅಧಿಕಾರ ನನ್ನದು. ಶಾರ್ಟ್ ಕಾರ್ನರ್ ಯಾರು ಹೊಡೆಯಬೇಕು ಎಂಬುದನ್ನು ಮಾತ್ರ ಕಮಿಟಿ ಹೇಳುವುದು, ಅದು ಹಿಂದಿನಿಂದ ಬಂದ ಪದ್ಧತಿ ಎಂದರು.

ಶಾರ್ಟ್ ಕಾರ್ನರ್ ಎಂದರೆ ಪೆನಾಲ್ಟಿ ಕಾರ್ನರ್. ಎದುರಾಳಿ ತನ್ನ ಗೋಲಿನ ಮುಂದಿನ ‘ಡಿ’ಯೊಳಗೆ ತಪ್ಪು ಮಾಡಿದರೆ ನಮಗೆ ಸಿಗುವ ಅವಕಾಶ ಅದು. ಒಬ್ಬ ಗೋಲುಗೆರೆಯ ಮೇಲಿಂದ ಚೆಂಡನ್ನು ಹೊರಕ್ಕೆ ತಳ್ಳುತ್ತಾನೆ, ಇನ್ನೊಬ್ಬ ಡಿಯ ಅಂಚಿನಲ್ಲಿ ತಡೆದು ನಿಲ್ಲಿಸುತ್ತಾನೆ, ಮೂರನೆಯವನು ಗೋಲಿಗೆ ಬಾರಿಸುತ್ತಾನೆ. ತಳ್ಳುವವನು ಎಷ್ಟು ಚೆನ್ನಾಗಿ ತಳ್ಳಿದರೂ ಪತ್ರಿಕೆಯಲ್ಲಿ ಬರುವುದು ಹೊಡೆದವನ ಹೆಸರು. ಆ ಕಾಲದ ಹಾಕಿಯಲ್ಲಿ ಅರ್ಧಕ್ಕರ್ಧ ಪಂದ್ಯಗಳು ತೀರ್ಮಾನವಾಗುತ್ತಿದ್ದುದೇ ಇಲ್ಲಿ.

ನಾನು ಸೇರಿದ ವರ್ಷವೇ ವಾಫುಲಾ ಎಂಬ ಹುಡುಗ ಬಂದ. ಪಶ್ಚಿಮ ಕೀನ್ಯಾದ ಒಂದು ಶಾಲೆಯಲ್ಲಿ ಹಾಕಿ ಕಲಿತವನು, ವಯಸ್ಸು ಇಪ್ಪತ್ತು, ಸೆಂಟರ್ ಫಾರ್ವರ್ಡ್. ಇಂಡಸ್ಟ್ರಿಯಲ್ ಏರಿಯಾದ ಬಣ್ಣದ ಕಾರ್ಖಾನೆಯೊಂದರಲ್ಲಿ ಕಿಬಾರುವಾ, ಅಂದರೆ ದಿನಗೂಲಿ. ಬೆಳಿಗ್ಗೆ ಗೇಟಿನ ಮುಂದೆ ನಿಲ್ಲಬೇಕು, ಮೇಸ್ತ್ರಿ ಹೆಸರು ಕೂಗಿದರೆ ಆ ದಿನ ಕೆಲಸ, ಇಲ್ಲದಿದ್ದರೆ ಮನೆ. ಅವನು ಚೆಂಡು ಹಿಡಿದು ಡಿಯೊಳಗೆ ನುಗ್ಗಿದರೆ ಎದುರಾಳಿ ಬ್ಯಾಕ್‌ಗಳಿಗೆ ಅವನನ್ನು ಕೆಡವದೆ ಬೇರೆ ದಾರಿ ಇರುತ್ತಿರಲಿಲ್ಲ. ನಮಗೆ ಸಿಗುತ್ತಿದ್ದ ಶಾರ್ಟ್ ಕಾರ್ನರ್‌ಗಳಲ್ಲಿ ಹೆಚ್ಚಿನವು ಅವನು ಮೊಣಕಾಲು ತರಚಿಕೊಂಡು ಗಳಿಸಿದವು. ಗಳಿಸಿದ ಮೇಲೆ ಎದ್ದು, ಮಣ್ಣು ಕೊಡವಿಕೊಂಡು, ಗೋಲುಗೆರೆಗೆ ಹೋಗಿ ಚೆಂಡು ತಳ್ಳುವ ಕೆಲಸವೂ ಅವನದೇ. ಹೊಡೆಯುತ್ತಿದ್ದವನು ನಮ್ಮ ಕ್ಯಾಪ್ಟನ್ ಬಲ್ಜೀತ್, ಮೂವತ್ತು ದಾಟಿದ ಫುಲ್‌ಬ್ಯಾಕ್, ನ್ಗಾರಾದಲ್ಲಿ ಬಿಡಿಭಾಗಗಳ ಅಂಗಡಿ ಇಟ್ಟಿದ್ದ ಒಳ್ಳೆಯ ಮನುಷ್ಯ.

ವೆರಾಂಡಕ್ಕೆ ವಾಫುಲಾ ಎಂದರೆ ಪ್ರಾಣ. ಇದನ್ನು ಮೊದಲೇ ಹೇಳಿಬಿಡಬೇಕು, ಯಾಕೆಂದರೆ ಇದು ದ್ವೇಷದ ಕಥೆಯಲ್ಲ. ನಮ್ಮ ಟೀಮ್ ಮ್ಯಾನೇಜರ್ ಫೆಲಿಕ್ಸ್ ಡಿಸಾ ಮಂಗಳೂರಿನ ಕಡೆಯವರು, ವಿಮಾ ಕಂಪನಿಯಲ್ಲಿ ದೊಡ್ಡ ಹುದ್ದೆ. ಪಂದ್ಯ ಮುಗಿದ ಮೇಲೆ ಅವನನ್ನು ಮಟಾಟು ವ್ಯಾನು ಹತ್ತಲು ಬಿಡದೆ ತಮ್ಮ ಕಾರಿನಲ್ಲೇ ಮನೆಗೆ ಬಿಡುತ್ತಿದ್ದರು. ಕ್ರಿಸ್‌ಮಸ್ ಬಂತೆಂದರೆ ಅವರ ಮನೆಯ ಕುಸ್ವಾರ್ ತಿಂಡಿಯಲ್ಲಿ ಒಂದು ಪಾಲು ಅವನಿಗೆ. ಮೈಸೂರಿನ ಡಾ. ರಂಗಸ್ವಾಮಿ ಊರಿನಿಂದ ಬಂದ ಅವನ ತಾಯಿಗೆ ತಿಂಗಳುಗಟ್ಟಲೆ ಪುಕ್ಕಟೆ ಔಷಧ ಕೊಟ್ಟರು. ಋತುವಿನ ಕೊನೆಗೆ ಅಭಿಮಾನಿಗಳೇ ಮತ ಹಾಕಿ ಕೊಡುವ ‘ಅತ್ಯಂತ ಭರವಸೆಯ ಆಟಗಾರ’ ಕಪ್ಪು ಮೊದಲ ವರ್ಷವೇ ಅವನಿಗೆ ಬಂತು. ಪಾಪದ ಹುಡುಗ, ಅದನ್ನು ಅಂಗಿಯಲ್ಲಿ ಒರೆಸಿ ಒರೆಸಿ ನೋಡಿದ.

ಅವನಿಗೆ ಬೇಕಿದ್ದುದು ಒಂದು ಕಾಯಂ ನೌಕರಿ. ಆಗ ನೈರೋಬಿಯ ಕೆಲವು ದೊಡ್ಡ ಸಂಸ್ಥೆಗಳು ತಮ್ಮದೇ ಹಾಕಿ ತಂಡ ಕಟ್ಟಿ, ಆಟಗಾರರಿಗೆ ಗುಮಾಸ್ತೆಯ ಕೆಲಸ ಕೊಡುತ್ತಿದ್ದವು. ಅಂಥದೊಂದು ಬ್ಯಾಂಕಿನ ಕ್ರೀಡಾಧಿಕಾರಿ ನನಗೆ ಪರಿಚಯ. 1987ರ ಒಂದು ಸೆಮಿಫೈನಲ್‌ಗೆ ಅವರನ್ನು ಕರೆದುಕೊಂಡು ಬಂದೆ. ಮೊದಲರ್ಧದಲ್ಲೇ ವಾಫುಲಾ ಮೂರು ಕಾರ್ನರ್ ಗಳಿಸಿದ. ಮೂರನ್ನೂ ಬಲ್ಜೀತ್ ಹೊಡೆದು ವ್ಯರ್ಥ ಮಾಡಿದ. ಅಧಿಕಾರಿ ನನ್ನ ಕಿವಿಯ ಹತ್ತಿರ ಬಂದು, ಆಟ ಸೊಗಸಾಗಿದೆ, ಆದರೆ ಓಡುವ ಫಾರ್ವರ್ಡ್‌ಗಳು ನಮ್ಮಲ್ಲಿ ಬೇಕಾದಷ್ಟು ಇದ್ದಾರೆ, ಕಾರ್ನರ್ ಹೊಡೆಯುವವನು ಬೇಕು, ಇವನು ಹೊಡೆಯುತ್ತಾನೆಯೆ ಎಂದು ಕೇಳಿದರು. ಹೊಡೆಯುತ್ತಾನೆ ಎಂದೆ. ಸುಳ್ಳಲ್ಲ. ನಾನಾಗಿ ಇಟ್ಟುಕೊಂಡಿದ್ದ ಮಂಗಳವಾರ ಸಂಜೆಯ ಅಭ್ಯಾಸಗಳಲ್ಲಿ ಅವನು ಹೊಡೆದ ಹೊಡೆತಕ್ಕೆ ಗೋಲಿನ ಹಿಂದಿನ ಹಲಗೆ ಸೀಳಿದ್ದನ್ನು ನಾನೇ ಮೊಳೆ ಹಾಕಿ ರಿಪೇರಿ ಮಾಡಿದ್ದೆ.

ವಿರಾಮದಲ್ಲಿ ಬಲ್ಜೀತ್‌ಗೆ ಹೇಳಿದೆ. ಅವನು ತಕರಾರಿಲ್ಲದೆ ಒಪ್ಪಿದ. ದ್ವಿತೀಯಾರ್ಧದಲ್ಲಿ ಕಾರ್ನರ್ ಸಿಕ್ಕಾಗ ವಾಫುಲಾ ಗೋಲುಗೆರೆಗೆ ಹೋಗುವ ಬದಲು ಡಿಯ ಅಂಚಿಗೆ ಬಂದು ನಿಂತ. ಅಷ್ಟೇ, ವೆರಾಂಡಕ್ಕೆ ವೆರಾಂಡವೇ ಎದ್ದು ನಿಂತಿತು. ಪಂಜಾಬಿ, ಗುಜರಾತಿ, ಕೊಂಕಣಿ, ಕನ್ನಡ, ಎಲ್ಲ ಬಾಯಿಗಳಲ್ಲೂ ಒಂದೇ ಸ್ವಾಹಿಲಿ ಪದ: ‘ಬಾಡೊ, ಬಾಡೊ.’ ಇನ್ನೂ ಹೊತ್ತಿದೆ, ಈಗಲ್ಲ ಎಂದು. ಫೆಲಿಕ್ಸ್ ಗೆರೆಯ ಪಕ್ಕಕ್ಕೆ ಓಡಿ ಬಂದರು.

“ಇವತ್ತು ಬೇಡ ಸರ್, ಸೆಮಿಫೈನಲ್ ಇದು. ಅವ ಇನ್ನೂ ಚಿಕ್ಕವ ಮಾರಾಯ್ರೆ. ಮಿಸ್ ಆದ್ರೆ ಹುಡುಗನ ಧೈರ್ಯವೇ ಹೋಗ್ತದೆ.”

“ಇವತ್ತ ಹೊಡೀಲಿಲ್ಲಂದ್ರ ಅವನ ನೌಕ್ರಿ ಹೋಗ್ತೈತ್ರಿ” ಎಂದೆ.

ಅವರಿಗೆ ಅದು ಕೇಳಿಸಿತೋ ಇಲ್ಲವೋ. ಮ್ಯಾನೇಜರ್ ಆಗಿ ಕೈ ಎತ್ತಿ ಬಲ್ಜೀತ್‌ಗೆ ಸನ್ನೆ ಮಾಡಿಬಿಟ್ಟರು. ಬಲ್ಜೀತ್ ನನ್ನ ಮುಖ ನೋಡಿದ, ಅವರ ಮುಖ ನೋಡಿದ, ತಲೆ ತಗ್ಗಿಸಿಕೊಂಡು ಡಿಯ ಅಂಚಿಗೆ ಹೋದ. ವಾಫುಲಾ ಗೋಲುಗೆರೆಗೆ ಹೋಗಿ ಚೆಂಡು ತಳ್ಳಿದ. ಹಾಳಾದ್ದು, ಆ ಹೊಡೆತ ಗೋಲಾಯಿತು. ನಾವು ಗೆದ್ದೆವು. ನನ್ನ ಜೀವನದಲ್ಲಿ ನನ್ನದೇ ತಂಡದ ಗೋಲಿಗೆ ಹೊಟ್ಟೆ ಉರಿದದ್ದು ಅದೊಂದೇ ಸಲ. ಕ್ರೀಡಾಧಿಕಾರಿ ಕೈ ಕುಲುಕಿ, ಹುಡುಗ ಕಾರ್ನರ್ ಹೊಡೆಯಲು ಶುರು ಮಾಡಿದಾಗ ಹೇಳಿ ಕಳಿಸಿ ಎಂದು ಹೊರಟರು. ಆ ಸಂಜೆ ವೆರಾಂಡದಲ್ಲಿ ಚರ್ಚೆಯೆಲ್ಲ ವಾಫುಲಾನದೇ. ಇನ್ನೆರಡು ವರ್ಷದಲ್ಲಿ ಇವನಂಥ ಹಿಟ್ಟರ್ ಪೂರ್ವ ಆಫ್ರಿಕದಲ್ಲೇ ಇರುವುದಿಲ್ಲ ಎಂದು ಎಲ್ಲರೂ ಒಪ್ಪಿದರು. ಆ ವರ್ಷವೂ ಕಪ್ಪು ಅವನಿಗೇ.

ಆಮೇಲಿನ ನಾಲ್ಕು ಋತು ನಾನು ಕೇಳಿದ ಕಾರಣಗಳನ್ನು ನೆನೆದರೆ ಈಗಲೂ ತಲೆ ಚಿಟ್ಟು ಹಿಡಿಯುತ್ತದೆ. ಒಂದು ವರ್ಷ ಅವನ ಮಣಿಕಟ್ಟು ಸಾಲದು ಎಂದರು. ಮರುವರ್ಷ ಮಣಿಕಟ್ಟು ಪರವಾಗಿಲ್ಲ, ಕೋಲನ್ನು ಹಿಂದಕ್ಕೆ ಎತ್ತುವುದು ಜಾಸ್ತಿಯಾಯಿತು ಎಂದರು. ಡಾ. ರಂಗಸ್ವಾಮಿಯವರದು ಇನ್ನೊಂದು ಸಿದ್ಧಾಂತ. ಫಾರ್ವರ್ಡ್‌ನ ಬುದ್ಧಿ ಬೇರೆ, ಹಿಟ್ಟರ್‌ನ ಬುದ್ಧಿ ಬೇರೆ, ಎರಡನ್ನೂ ಒಟ್ಟಿಗೆ ಹೇರಿದರೆ ಹುಡುಗ ಎರಡಕ್ಕೂ ಬಾರದೆ ಹೋಗುತ್ತಾನೆ ಎಂದು ಚಹಾದ ಕಪ್ಪನ್ನು ಮೇಜಿನ ಮೇಲೆ ಸರಿಸಿ ಸರಿಸಿ ವಿವರಿಸುತ್ತಿದ್ದರು. ಅವರು ಹಾಕಿ ಕೋಲು ಮುಟ್ಟಿದ್ದನ್ನು ನಾನು ನೋಡಿಲ್ಲ. ಕಾಳಜಿ ಮಾತ್ರ ನಿಜವಾದದ್ದು, ಅದರಲ್ಲಿ ಅನುಮಾನವಿಲ್ಲ, ಅದಕ್ಕೇ ಅವರ ಜೊತೆ ಜಗಳವಾಡಲೂ ಬರುತ್ತಿರಲಿಲ್ಲ.

1989ರಲ್ಲಿ ಬಲ್ಜೀತ್ ಖುದ್ದಾಗಿ ಕಮಿಟಿಯ ಮುಂದೆ ಹೋದ. ಮೊಣಕಾಲು ಮಾತು ಕೇಳುತ್ತಿಲ್ಲ, ಕಾರ್ನರ್‌ಗಳನ್ನು ವಾಫುಲಾಗೆ ಕೊಡಿ ಎಂದು ಬೇಡಿಕೊಂಡ. ಅವನ ದೊಡ್ಡ ಮನಸ್ಸನ್ನು ಎಲ್ಲರೂ ಹೊಗಳಿದರು. ಹೊಗಳಿದ ಮೇಲೆ ಯಾರೋ ಕೇಳಿದರು, ವಾಫುಲಾ ಹೊಡೆದರೆ ತಳ್ಳುವವರು ಯಾರು? ಅವನಷ್ಟು ನೇರವಾಗಿ, ಅಷ್ಟು ಬಿರುಸಾಗಿ ತಳ್ಳುವವರು ಇಡೀ ಲೀಗಿನಲ್ಲೇ ಇಲ್ಲವಲ್ಲ? ಅಲ್ಲಿಗೆ ಆ ವಿಷಯ ಮುಗಿಯಿತು. ಕೆಳಗಿನ ಕೆಲಸವನ್ನು ಚೊಕ್ಕವಾಗಿ ಮಾಡಿದವನಿಗೆ ಇದೇ ಶಿಕ್ಷೆ ಎಂದು ಎದ್ದು ನಿಂತು ಹೇಳಿದೆ. ನನ್ನ ಮಾತನ್ನು ತಮಾಷೆ ಎಂದುಕೊಂಡು ನಕ್ಕರು.

ಬೇರೆ ಕ್ಲಬ್ಬಿಗೆ ಹೋಗಿಬಿಡು ಎಂದು ವಾಫುಲಾಗೆ ಒಂದಲ್ಲ, ಹಲವು ಸಲ ಹೇಳಿದೆ. ಒಮ್ಮೆ ಕ್ಯಾರಿಯೋಕೋರ್ ಬಡಾವಣೆಯ ಒಂದು ಕ್ಲಬ್ಬಿನವರ ಜೊತೆ ಮಾತೂ ಆಡಿಬಂದೆ. ಅವರು ಎರಡು ಕೈ ಚಾಚಿ ಕರೆದರು. ಅವನು ಬೂಟಿನ ದಾರ ಬಿಚ್ಚುತ್ತ ಕುಳಿತವನು ತಲೆ ಎತ್ತಲಿಲ್ಲ. ಡಾಕ್ಟರು ತಾಯಿಯನ್ನು ನೋಡುತ್ತಿದ್ದಾರೆ, ಮಿಸ್ಟರ್ ಫೆಲಿಕ್ಸ್ ಮುಂದಿನ ವರ್ಷ ಖಂಡಿತ ನನ್ನ ಸರದಿ ಎಂದಿದ್ದಾರೆ, ಈಗ ಬಿಟ್ಟು ಹೋದರೆ ಹೇಗೆ ಕಾಣುತ್ತದೆ ಎಂದ. ಆ ಹೊತ್ತಿಗೆ ಅವನಿಗೆ ಮದುವೆಯಾಗಿ ಒಂದು ಮಗುವೂ ಆಗಿತ್ತು. ಬೆಳಿಗ್ಗೆ ಅದೇ ಕಾರ್ಖಾನೆಯ ಗೇಟಿನ ಮುಂದೆ ನಿಲ್ಲುವುದು ತಪ್ಪಿರಲಿಲ್ಲ.

1991ರ ಲೀಗಿನ ಕೊನೆಯ ಪಂದ್ಯ. ಆಟಕ್ಕೆ ಮುಂಚೆ ಮೈ ಬಿಸಿಮಾಡಿಕೊಳ್ಳುವಾಗಲೇ ಬಲ್ಜೀತ್‌ನ ಮೊಣಕಾಲು ಪಟ್ ಎಂದಿತು. ಇಬ್ಬರು ಎತ್ತಿಕೊಂಡು ಹೋಗಬೇಕಾಯಿತು. ಕಮಿಟಿ ಸೇರಿಸಲು ಸಮಯವಿರಲಿಲ್ಲ. ಫೆಲಿಕ್ಸ್ ಕೈ ಚೆಲ್ಲಿದರು. ನಾನು ವಾಫುಲಾನನ್ನು ಕರೆದು ಇವತ್ತು ಎಲ್ಲ ಕಾರ್ನರ್ ನಿನ್ನದು ಎಂದೆ. ಅವನು “ಸವಾ”, ಸರಿ, ಎಂದ, ಅಷ್ಟೇ.

ನಮ್ಮ ಲೆಫ್ಟ್ ಹಾಫ್ ಚೆಂಡು ತಳ್ಳಿದ. ಚೆನ್ನಾಗೇನೂ ತಳ್ಳಲಿಲ್ಲ, ಹಾಗೆಂದು ಆಕಾಶವೇನೂ ಕಳಚಿ ಬೀಳಲಿಲ್ಲ. ಮೊದಲ ಕಾರ್ನರ್ ಗೋಲ್‌ಕೀಪರನ ಕಾಲಿಗೆ ಬಡಿಯಿತು. ಎರಡನೆಯದು ಗೋಲು, ಹಿಂದಿನ ಹಲಗೆಗೆ ಬಿದ್ದ ಸದ್ದು ನ್ಗಾರಾ ಬೀದಿಗೆ ಕೇಳಿಸಿರಬೇಕು. ದ್ವಿತೀಯಾರ್ಧದಲ್ಲಿ ಇನ್ನೊಂದು, ಅದೇ ಮೂಲೆಗೆ. ವೆರಾಂಡದಲ್ಲಿ ಕುರ್ಚಿಗಳ ಮೇಲೆ ಹತ್ತಿ ಕುಣಿದರು. ಡಾ. ರಂಗಸ್ವಾಮಿ ಕಣ್ಣೊರೆಸಿಕೊಂಡದ್ದನ್ನು ನಾನೇ ಕಂಡೆ.

ಎದುರು ತಂಡದ ಗೋಲ್‌ಕೀಪರನನ್ನು ನೋಡಲೆಂದು ಅದೇ ಬ್ಯಾಂಕಿನ ಅದೇ ಕ್ರೀಡಾಧಿಕಾರಿ ಬಂದಿದ್ದರು. ಪಂದ್ಯ ಮುಗಿಯುತ್ತಿದ್ದಂತೆ ನೆಟ್ಟಗೆ ಮೈದಾನದೊಳಗೆ ನಡೆದು ಬಂದು ವಾಫುಲಾನ ಕೈ ಹಿಡಿದುಕೊಂಡರು. ಇಂಥವನನ್ನು ಇಷ್ಟು ದಿನ ಎಲ್ಲಿ ಬಚ್ಚಿಟ್ಟಿದ್ದಿರಿ ಎಂದು ನನ್ನನ್ನು ಕೇಳಿದರು. ನಾಲ್ಕು ವರ್ಷದ ಹಿಂದೆ ತಾವು ನೋಡಿದ ಹುಡುಗನೇ ಇವನು ಎಂಬುದು ಅವರಿಗೆ ನೆನಪಿರಲಿಲ್ಲ. ಗುಮಾಸ್ತೆಯ ಹುದ್ದೆ ಖಾಲಿ ಇದೆ, ತಿಂಗಳೊಳಗೆ ಸೇರಿಕೊಳ್ಳಬಹುದು ಎಂದರು. ವಾಫುಲಾ ನಗುತ್ತಿದ್ದ. ಆಗ ಅವರು ವಯಸ್ಸೆಷ್ಟು ಎಂದು ಕೇಳಿದರು.

“ಇಪ್ಪತ್ತಾರು” ಎಂದ ವಾಫುಲಾ.

ಅಧಿಕಾರಿ ಅವನ ಕೈ ಬಿಡಲಿಲ್ಲ, ಆದರೆ ಮುಖ ಬಾಡಿತು. ಹೊಸಬರನ್ನು ಸೇರಿಸಿಕೊಳ್ಳಲು ಬ್ಯಾಂಕಿನಲ್ಲಿ ಇಪ್ಪತ್ತೈದೇ ಮಿತಿ, ಅದನ್ನು ಸಡಿಲಿಸಲು ತನ್ನಿಂದಾಗದು ಎಂದರು. ನಾನು ಬೇಡಿಕೊಂಡೆ. ಮರುದಿನ ಅವರ ಕಚೇರಿಗೂ ಹೋಗಿ ಬೇಡಿಕೊಂಡೆ. ಕಳೆದ ವರ್ಷ ಕರೆತಂದಿದ್ದರೂ ಆಗುತ್ತಿತ್ತಲ್ಲ ಎಂದರು.

ಪಂದ್ಯದ ಆ ಸಂಜೆಯೇ ವೆರಾಂಡದಲ್ಲಿ ವಾರ್ಷಿಕ ಬಹುಮಾನ. ಬ್ಯಾಂಕಿನ ವಿಷಯವನ್ನು ನಾನು ಫೆಲಿಕ್ಸ್‌ಗೆ ಹೇಳಿದೆ. ಅವರು ನಿಜವಾಗಿಯೂ ನೊಂದುಕೊಂಡರು, ಛೆ ಎಂತಹ ರೂಲ್ಸು ಮಾರಾಯ್ರೆ ಎಂದು ಬ್ಯಾಂಕನ್ನು ಬೈದರು. ಒಂದು ಗುಟುಕು ಚಹಾ ಕುಡಿದು ನನ್ನ ಭುಜದ ಮೇಲೆ ಕೈ ಇಟ್ಟರು.

“ಆದ್ರೂ ಸರ್, ನಾವು ಅವಸರ ಮಾಡದೆ ಬೆಳೆಸಿದ್ದಕ್ಕೇ ಅಲ್ವಾ ಅವ ಇವತ್ತು ಹಾಗೆ ಹೊಡೆದದ್ದು?”

ಬಾಯಿಗೆ ಬಂದದ್ದನ್ನು ಅಂದುಬಿಟ್ಟೆ. ನೀವು ಬೆಳೆಸಲಿಲ್ಲ, ಅವನ ಆರು ವರ್ಷ ತಿಂದಿರಿ ಎಂದೆ. ಗೌರವ ಕೋಚ್ ದಣಿದಿದ್ದಾರೆ ಎಂದು ಯಾರೋ ಸಮಾಧಾನ ಮಾಡಿದರು. ಆಮೇಲೆ ಕಪ್ಪು ಕೊಟ್ಟರು. ಅಭಿಮಾನಿಗಳ ಮತದಿಂದ, ಒಮ್ಮತದಿಂದ, ಅತ್ಯಂತ ಭರವಸೆಯ ಆಟಗಾರ: ವಾಫುಲಾ. ಅವನು ಹೋಗಿ ತೆಗೆದುಕೊಂಡ, “ಅಸಾಂಟೆ” ಎಂದು ವಂದನೆ ಹೇಳಿದ, ಎಲ್ಲರ ಕೈ ಕುಲುಕಿದ. ಮುಂದಿನ ಋತುವಿಗೆ ಹೊಸ ಕೋಚ್ ಬಂದರು.

ಅಂದು ಅವನನ್ನು ನನ್ನ ಕಾರಿನಲ್ಲಿ ಮನೆಗೆ ಬಿಟ್ಟೆ. ದಾರಿಯುದ್ದಕ್ಕೂ ನಾನೇ ವೆರಾಂಡವನ್ನು ಬೈಯುತ್ತಿದ್ದೆ. ಅವನು ಇಳಿಯುವಾಗ ಬಾಗಿಲು ಹಿಡಿದು ನಿಂತು ಇಂಗ್ಲಿಷಿನಲ್ಲಿ ಮೆಲ್ಲಗೆ ಹೇಳಿದ:

“ಅವರನ್ನು ಬೈಯಬೇಡಿ ಕೋಚ್. ತುಂಬ ಒಳ್ಳೆಯವರು. ಕೆಟ್ಟವರಾಗಿದ್ದಿದ್ದರೆ ಮೊದಲ ವರ್ಷವೇ ಬಿಟ್ಟು ಹೋಗಿ ನಾನು ಬದುಕಿಕೊಳ್ಳುತ್ತಿದ್ದೆ.”

ಅದಾದ ಮೇಲೆ ಹದಿನೆಂಟು ವರ್ಷ ಕೆಲಸ ಮಾಡಿ ನಿವೃತ್ತನಾದೆ. ಸ್ಟಾಫ್ ಮೀಟಿಂಗಿನಲ್ಲಾಗಲಿ ಆಯ್ಕೆ ಸಭೆಯಲ್ಲಾಗಲಿ ಯಾರಾದರೂ ಒಬ್ಬ ಹುಡುಗನ ಬಗ್ಗೆ, ಒಬ್ಬ ಹುಡುಗಿಯ ಬಗ್ಗೆ, ಒಳ್ಳೆ ಭರವಸೆ ಇದೆ, ಸ್ವಲ್ಪ ಬೆಳೆಯಲಿ ಎಂದು ಪ್ರೀತಿಯಿಂದ ಹೇಳಿದಾಗಲೆಲ್ಲ ನಾನು ಪೆನ್ನು ತೆಗೆದು, ಯಾವ ತಾರೀಖಿಗೆ ಅವಕಾಶ ಕೊಡುತ್ತೀರಿ, ಬರೆದುಕೊಳ್ಳುತ್ತೇನೆ ಎಂದು ಕೇಳುತ್ತಿದ್ದೆ. ಇವನೊಬ್ಬ ಒರಟ ಎಂದು ಹೆಸರು ಬಂತು. ತಾರೀಖು ಹೇಳಿದವರು ಬಹಳ ಕಡಿಮೆ.