ಸೈರನ್ ಆದಾಗ ಸಂಭಾಜಿ ಏನು ಮಾಡುತ್ತಿದ್ದ

ಸಂಭಾಜಿ ಒಂದು ಕಡೆ ಕೂತು ಚಹಾ ಕುಡಿದದ್ದನ್ನು ಅಲಖನೂರಿನಲ್ಲಿ ಯಾರೂ ಕಂಡಿಲ್ಲ. ಕಪ್ಪು ಹಿಡಿದು ಅಂಗಳದ ತುಂಬ ಅಡ್ಡಾಡುತ್ತಲೇ ಕುಡಿಯುವವನು. ಕಂಡವರ ಹೊಲದಲ್ಲಿ ಕಬ್ಬು ಕಡಿದು ಬದುಕಿದ ಮನೆತನ ಅವನದು. ಅವರಲ್ಲಿ ಕಾಯಂ ನೌಕರಿ ಹಿಡಿದ ಮೊದಲನೆಯವ ಇವನೇ. ಹತ್ತನೆಯ ತರಗತಿ ಮುಗಿಸಿ ಸಕ್ಕರೆ ಕಾರ್ಖಾನೆ ಸೇರಿ ಹದಿನಾರು ವರ್ಷವಾಗಿತ್ತು. ಗಾಣಕ್ಕೆ ಕಬ್ಬು ಏರಿಸುವ ದೊಡ್ಡ ಚೈನು ನಿಂತಾಗ ಅದಕ್ಕೆ ಎಣ್ಣೆ ಹಾಕುವುದು ಅವನ ಕೆಲಸ. ಚೈನು ಚಾಲೂ ಮಾಡುವವನು ದುಂಡೇಶ, ಜೀವದ ಗೆಳೆಯ. ದುಂಡೇಶ ಮೊದಲು ಸೈರನ್ ಹೊಡೆಯಬೇಕು. ಸಂಭಾಜಿ ಹಿಂದೆ ಸರಿದು ಕೈ ಎತ್ತಿದ ಮೇಲೆಯೇ ಗುಂಡಿ ಒತ್ತಬೇಕು.

ಜನವರಿಯ ಒಂದು ಮುಂಜಾನೆ ಸೈರನ್ ಆಯಿತು. ಕೈ ಎತ್ತುವುದರೊಳಗೇ ಚೈನು ಹೊರಟಿತು. ಸಂಭಾಜಿಯ ಎಡಗೈಯ ಎರಡು ಬೆರಳ ತುದಿ ಹೋದವು.

ಮೂರನೆಯ ದಿನ ಆಸ್ಪತ್ರೆಗೆ ಕಾರ್ಖಾನೆಯ ಫಾರ್ಮು ಬಂತು. ನಡೆದದ್ದನ್ನು ಬರೆದುಕೊಡಬೇಕು. ಸುರಕ್ಷತೆ ನೋಡುವ ಹೊಸ ಸಾಹೇಬರಿಗೆ ಕನ್ನಡವೂ ಬಾರದು, ಮರಾಠಿಯೂ ಬಾರದು.

‘ಕನ್ನಡದಾಗ ಬರಿಯೋ, ಯಾರರ ಓದಿ ಹೇಳ್ತಾರ’ ಎಂದ ಹಾಸಿಗೆಯ ಹತ್ತಿರ ನಿಂತಿದ್ದ ದುಂಡೇಶ.

‘ನಡಕ ಮತ್ತೊಬ್ಬ ಯಾಕ? ನಾನ ಇಂಗ್ಲಿಷ್‌ನ್ಯಾಗ ಬರಿತೀನಿ.’

ಬರೆದ: ‘ವೆನ್ ಸೈರನ್ ರ್ಯಾಂಗ್, ಐ ಆಯಿಲ್ಡ್ ದ ಚೈನ್.’ ಪಿಯುಸಿ ಓದಿದ್ದ ದುಂಡೇಶ ಅದನ್ನು ಎರಡು ಸಲ ಓದಿ, ‘ಬರೋಬರಿ ಐತಿ’ ಎಂದು ತಾನೇ ಒಯ್ದುಕೊಟ್ಟ.

ಎಂಟು ದಿನಕ್ಕೆ ಮನೆಗೆ ಕಾರ್ಖಾನೆಯ ಪತ್ರ ಬಂತು. ಸೈರನ್ ಆದ ಮೇಲೂ ಎಣ್ಣೆ ಹಾಕಲು ಹೋದದ್ದು ನಿಮ್ಮದೇ ತಪ್ಪು, ವಿಚಾರಣೆ ಮುಗಿಯುವತನಕ ಕೆಲಸಕ್ಕೆ ಬರಬೇಡಿ.

‘ಆದ ಮ್ಯಾಲ ಅಂತ ನಾ ಎಲ್ಲಿ ಬರದೇನಿ?’ ಸಂಭಾಜಿ ಪತ್ರ ಹಿಡಿದು ಹಿತ್ತಲಿಗೂ ಬಾಗಿಲಿಗೂ ತಿರುಗಿದ. ‘ಒಂದ್ ಕಡೆ ಕುಂದರ್ರಿ, ನನ್ನ ತಲಿ ಗಿರ್ ಅನ್ನಾಕತ್ತೈತಿ’ ಎಂದಳು ಹೆಂಡತಿ ಸರಿತಾ. ಅವನು ಚಪ್ಪಲಿ ಮೆಟ್ಟಿ ಹಾರೂಗೇರಿಯ ಬಸ್ಸು ಹತ್ತಿದ. ಹತ್ತನೆಯಲ್ಲಿ ಇಂಗ್ಲಿಷ್ ಕಲಿಸಿದ ಜಿನೇಂದ್ರ ಸರ್ ನಿವೃತ್ತರಾಗಿ ಅಲ್ಲೇ ಇದ್ದರು.

ಸರ್ ಅವನು ಬರೆದ ಸಾಲನ್ನು ಹೇಳಿಸಿ ಕೇಳಿದರು. ‘ಸೈರನ್ ಆದಾಗ ನೀ ಏನ್ ಮಾಡಾಕತ್ತಿದ್ದಿ?’

‘ಎಣ್ಣಿ ಹಾಕಾಕತ್ತಿದ್ದೆ ಸರ್.’

‘ಹೌದಲ್ಲ? ಕೆಲಸ ನಡದಿತ್ತು, ಮುಗದಿರಲಿಲ್ಲ, ಅಷ್ಟರಾಗ ಸೈರನ್ ಆತು. ಹಂಗಾರ ‘ಐ ವಾಸ್ ಆಯಿಲಿಂಗ್’ ಅನಬೇಕು. ‘ಆಯಿಲ್ಡ್’ ಅಂದ್ರ ಮೊದಲ ಸೈರನ್, ಆಮ್ಯಾಗ ನಿನ್ನ ಎಣ್ಣಿ. ಹಾಕಿದೆ ಬ್ಯಾರೆ, ಹಾಕಾಕತ್ತಿದ್ದೆ ಬ್ಯಾರೆ. ಬಾಯಾಗ ತಪ್ಪಂಗಿಲ್ಲ ನೀವು, ಪೆನ್ ಹಿಡದ್ರ ತಪ್ಪತೀರಿ.’

ಸರ್ ಬಿಡಲಿಲ್ಲ, ಹಳೆಯ ಹುರುಪಿನಲ್ಲಿ ವಾಕ್ಯ ಮಾಡಿಸಿದರು. ನೀನು ಎಲ್ಲಿ ನಿಂತಿದ್ದೆ? ಐ ವಾಸ್ ಸ್ಟ್ಯಾಂಡಿಂಗ್ ನಿಯರ್ ದ ಚೈನ್. ಗುಂಡಿ ಒತ್ತುವವ ಏನು ಮಾಡುತ್ತಿದ್ದ?

‘ದುಂಡೇಶ ವಾಸ್...’ ಸಂಭಾಜಿಯ ಕಣ್ಣೆದುರು ಆ ಮುಂಜಾನೆ ಬಂತು. ಕೇಬಿನ್ನಿನ ಗಾಜಿನಾಚೆ ಬೆನ್ನು ತಿರುಗಿಸಿ ನಿಂತ ದುಂಡೇಶ, ಕಿವಿಗೆ ಒತ್ತಿಕೊಂಡ ಮೊಬೈಲು. ಅದನ್ನು ಅವನು ಅವತ್ತೇ ಕಂಡಿದ್ದ. ಸರಿತಾಳಿಗೂ ಹೇಳಿರಲಿಲ್ಲ.

ಊರಿಗೆ ಬಂದವನು ಮನೆಗೆ ಹೋಗದೆ ನೇರ ದುಂಡೇಶನ ಬಾಗಿಲಿಗೆ ಹೋದ. ‘ನೀ ಓದಿದಾಂವ. ತಪ್ಪ ಐತಿ ಅಂತ ನಿನಗ ತಿಳದಿತ್ತಿಲ್ಲೋ?’

ದುಂಡೇಶ ಉಗುರು ನೋಡಿಕೊಂಡ. ‘ತಿಳದಿತ್ತು. ನನಗ ಮೊದಲ ಎರಡ್ ಮೆಮೊ ಬಂದಾವ. ಇದೊಂದ್ ಆದ್ರ ಮನಿಗೆ ಕಳಸ್ತಾರಪಾ.’

‘ಮತ್ತ ನನ್ನ ಕಳಸಿದ್ರ ನಡಿತೈತಿ?’

ದುಂಡೇಶ ತಿರುಗಿ ಒಳಗೆ ಹೋದ.

ವಿಚಾರಣೆಯ ದಿನ ಸಂಭಾಜಿ ಹೊಸ ಹೇಳಿಕೆ ಕೊಟ್ಟ. ಸಾಹೇಬರು ಓದಿ, ಹಾಗಾದರೆ ಆಪರೇಟರ್ ಏನು ಮಾಡುತ್ತಿದ್ದ ಎಂದು ಇಂಗ್ಲಿಷಿನಲ್ಲಿ ಕೇಳಿದರು. ಪಕ್ಕದ ಕುರ್ಚಿಯಲ್ಲಿ ದುಂಡೇಶ. ಸಂಭಾಜಿಯ ಕಾಲು ಮೇಜಿನ ಕೆಳಗೆ ಒಂದೇ ಸಮನೆ ಅಲುಗುತ್ತಿತ್ತು. ಗೊತ್ತಿಲ್ಲ ಅಂದರೂ ನಡೆಯುತ್ತಿತ್ತು.

‘ಹಿ ವಾಸ್ ಟಾಕಿಂಗ್ ಆನ್ ಮೊಬೈಲ್, ಸರ್.’

ದುಂಡೇಶ ಅದನ್ನು ಸುಳ್ಳು ಎನ್ನಲಿಲ್ಲ.

ಸಂಭಾಜಿಗೆ ಕೆಲಸವೂ ಪರಿಹಾರವೂ ಸಿಕ್ಕಿತು. ದುಂಡೇಶನನ್ನು ತೆಗೆದರು. ‘ನೀವು ಖರೇನ ಹೇಳೀರಿ’ ಎಂದಳು ಸರಿತಾ. ಅದು ಅವನಿಗೂ ಗೊತ್ತು. ಆದರೂ ಮೂರು ಸಲ ದುಂಡೇಶನ ಓಣಿಯ ತನಕ ಹೋಗಿ ತಿರುಗಿ ಬಂದ. ನಾಲ್ಕನೆಯ ಸಲ ಬಾಗಿಲು ಬಡಿದರೆ ದುಂಡೇಶನ ತಾಯಿ ಲಕ್ಕವ್ವ ಹೊರಗೆ ಬಂದಳು. ‘ಐನಾಪುರದಾಗ ಒಣದ್ರಾಕ್ಷಿ ಶೆಡ್ಡಿಗೆ ದುಡಿಯಾಕ ಹೋಗ್ಯಾನ’ ಎಂದವಳು ಒಳಗೆ ಕರೆಯಲಿಲ್ಲ.

ರವಿವಾರ ಸಂಭಾಜಿ ಐನಾಪುರಕ್ಕೆ ಹೋದ. ಶೆಡ್ಡಿನಲ್ಲಿ ದುಂಡೇಶ ಒಣಗಿಸುವ ಜಾಳಿಗೆಯ ಮೇಲೆ ದ್ರಾಕ್ಷಿ ಹರವುತ್ತಿದ್ದ. ನೋಡಿದ, ಕೈ ನಿಲ್ಲಿಸಲಿಲ್ಲ.

‘ಕೈ ಹೆಂಗೈತಿ?’

‘ಮುಂಜಾನೆ ಮುಂಜಾನೆ ಸೆಳಿತೈತಿ.’

ಇಷ್ಟೇ ಮಾತು. ಸಂಭಾಜಿ ಇನ್ನೊಂದು ತುದಿಯಿಂದ ಒಂದೇ ಕೈಯಲ್ಲಿ ದ್ರಾಕ್ಷಿ ಹರವತೊಡಗಿದ. ದುಂಡೇಶ ಬೇಡ ಅನ್ನಲಿಲ್ಲ.